ಕಡಲೊಳಗಿನ ಬಿಸಿಲ್ಗುದುರೆ

ನಾಲ್ಕು ದೇಶಗಳ ಯುದ್ಧನೌಕೆಗಳು ಸಾಲುಗಟ್ಟಿ ನೀರು ಸೀಳುತ್ತಿರುವ, ಮೇಲೆ ವಿಮಾನಗಳು ಹಾರುತ್ತಿರುವ ಚಿತ್ರವೊಂದು ಹೆಚ್ಚುಕಮ್ಮಿ ಪ್ರತಿವರ್ಷ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಅದು ‘ಮಲಬಾರ್’ ಜಂಟಿ ಸಮರಾಭ್ಯಾಸದ ಚಿತ್ರ. 1992ರಲ್ಲಿ ಭಾರತ ಮತ್ತು ಅಮೆರಿಕ ಇದನ್ನು ಶುರುಮಾಡಿದವು. 1998ರ ಪೋಖ್ರಾನ್ ಪರೀಕ್ಷೆಯ ನಂತರ ನಿಂತುಹೋಗಿ 2002ರಲ್ಲಿ ಮತ್ತೆ ಚಾಲೂ ಆಯಿತು. 2015ರಲ್ಲಿ ಜಪಾನ್ ಕಾಯಂ ಸದಸ್ಯನಾಯಿತು, 2020ರಿಂದ ಆಸ್ಟ್ರೇಲಿಯಾವೂ ಜೊತೆಗೂಡಿತು. ಈ ಸುದ್ದಿ ಓದಿದವರಿಗೆ ಸಹಜವಾಗಿ ಏಳುವ ಪ್ರಶ್ನೆ ಒಂದೇ: ಇಷ್ಟು ಇಂಧನ ಸುಟ್ಟು, ಇಷ್ಟು ದೂರ ಬಂದು, ಈ ಹಡಗುಗಳು ಕಲಿಯುವುದಾದರೂ ಏನನ್ನು? ಯಾವ ದೇಶಕ್ಕೆ ಎಚ್ಚರಿಕೆ ಕೊಟ್ಟರು, ಯಾರ ಬಲ ಎಷ್ಟು ಹೆಚ್ಚಿತು ಎಂಬ ಉತ್ತರಗಳು ಅಂಕಣಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಅವೆಲ್ಲ ರಾಜತಾಂತ್ರಿಕತೆಯ ಉತ್ತರಗಳು. ಭೌತವಿಜ್ಞಾನ ಕೊಡುವ ಉತ್ತರ ಬೇರೆ, ನನ್ನ ಮಟ್ಟಿಗೆ ಅದೇ ಹೆಚ್ಚು ಗಟ್ಟಿ. ಇಂಥ ಅಭ್ಯಾಸದಲ್ಲಿ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಹಡಗೂ ಅಲ್ಲ, ಕ್ಷಿಪಣಿಯೂ ಅಲ್ಲ. ಹಡಗಿನ ಅಡಿಯ ನೀರು.

ನೀರಿನಾಳದಲ್ಲಿ ರೇಡಾರ್ ಕುರುಡು. ರೇಡಿಯೋ ಅಲೆಗಳನ್ನು ಉಪ್ಪುನೀರು ಕೆಲವೇ ಮೀಟರುಗಳಲ್ಲಿ ನುಂಗಿಹಾಕುತ್ತದೆ, ಸೂರ್ಯನ ಬೆಳಕು ಇನ್ನೂರು ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಬಹುತೇಕ ಸತ್ತಿರುತ್ತದೆ. ದೂರ ಸಾಗುವುದು ಸದ್ದು ಮಾತ್ರ. ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರ್ ಓಡುವ ಅದು ಕಡಲಲ್ಲಿ ಸುಮಾರು 1,500 ಮೀಟರ್ ಓಡುತ್ತದೆ. ಹಾಗಾಗಿ ಅಡಗಿರುವ ಜಲಾಂತರ್ಗಾಮಿಯನ್ನು ದೂರದಿಂದ ಪತ್ತೆಹಚ್ಚಲು ಎರಡೇ ದಾರಿ. ಅದು ಮಾಡುವ ಸದ್ದಿಗೆ ಕಿವಿಗೊಡಬೇಕು, ಇಲ್ಲವೇ ನಾವೇ ಒಂದು ಸದ್ದು ಕಳಿಸಿ ಮರುದನಿಗೆ ಕಾಯಬೇಕು. ಎರಡನೆಯದಕ್ಕೆ ಸೋನಾರ್ ಎಂದು ಹೆಸರಾದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಯಂತ್ರವೇನೋ ಅದಕ್ಕಿಂತ ಹಳೆಯದು, ಮೊದಲನೇ ಯುದ್ಧದ ಕೊನೆಯಲ್ಲಿ ಫ್ರಾನ್ಸಿನ ಪಾಲ್ ಲಾಂಜೆವನ್ ಮತ್ತಿತರರು ಕಂಡುಕೊಂಡದ್ದು. ಕಡಲು ಈ ಸದ್ದಿಗೆ ಏನು ಮಾಡುತ್ತದೆಂಬುದು ಗೊತ್ತಾದದ್ದು ಮಾತ್ರ ಇನ್ನೂ ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ, ಅದೂ ಒಂದು ನೌಕಾಭ್ಯಾಸದಲ್ಲಿ.

1930ರ ದಶಕದ ನಡುಭಾಗ. ಕ್ಯೂಬಾದ ಗ್ವಾಂಟನಾಮೊ ಕೊಲ್ಲಿಯ ಬಳಿ ಅಮೆರಿಕದ ‘ಸೆಮ್ಸ್’ ಎಂಬ ಡೆಸ್ಟ್ರಾಯರ್ ತನ್ನದೇ ಪಡೆಯ ಜಲಾಂತರ್ಗಾಮಿಯನ್ನು ಹುಡುಕುವ ತಾಲೀಮು ನಡೆಸುತ್ತಿತ್ತು. ಬೆಳಿಗ್ಗೆ ಎಲ್ಲವೂ ಸರಿ. ಮರುದನಿ ಸ್ಪಷ್ಟ, ದೂರದ ಗುರಿಯೂ ಸಿಗುತ್ತಿತ್ತು. ಹೊತ್ತೇರಿ ಮಧ್ಯಾಹ್ನವಾಯಿತೆಂದರೆ ಮರುದನಿ ಕ್ಷೀಣಿಸಿ, ಹತ್ತಿರದಲ್ಲೇ ಇರುವ ಜಲಾಂತರ್ಗಾಮಿಯೂ ಕೈತಪ್ಪುತ್ತಿತ್ತು. ಯಂತ್ರ ಬಿಚ್ಚಿ ನೋಡಿದರೆ ದೋಷವಿಲ್ಲ. ಸದ್ದು ಆಲಿಸುವ ನಾವಿಕರು ಊಟ ಮುಗಿಸಿ ತೂಕಡಿಸುತ್ತಾರೆ ಎಂದು ಕೆಲವು ಅಧಿಕಾರಿಗಳು ಭಾವಿಸಿದ್ದರು. ಆದರೆ ದಿನವೂ ಅದೇ ಕಥೆಯಾದಾಗ ನೌಕಾಪಡೆ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯ ಬಾಗಿಲು ತಟ್ಟಿತು. ಆ ಸಂಸ್ಥೆಯ ಕೊಲಂಬಸ್ ಐಸ್ಲಿನ್ ಮತ್ತು ಸಂಗಡಿಗರು ‘ಅಟ್ಲಾಂಟಿಸ್’ ಎಂಬ ಹಾಯಿಹಡಗಿನಲ್ಲಿ ಡೆಸ್ಟ್ರಾಯರಿನ ಜೊತೆಗೂಡಿ ನೀರಿನ ಉಷ್ಣತೆಯನ್ನು ಆಳಕ್ಕೆ ತಕ್ಕಂತೆ ಅಳೆಯುತ್ತ ಹೋದರು. ಮಧ್ಯಾಹ್ನದ ಬಿಸಿಲಿಗೆ ಮೇಲಿನ ಕೆಲವೇ ಮೀಟರ್ ನೀರು ಒಂದೆರಡು ಡಿಗ್ರಿ ಬೆಚ್ಚಗಾಗುತ್ತಿತ್ತು. ತಪ್ಪು ನಾವಿಕರ ಕಿವಿಯದಾಗಿರಲಿಲ್ಲ. ಆ ಒಂದೆರಡು ಡಿಗ್ರಿ ಸದ್ದಿನ ದಾರಿಯನ್ನೇ ಬಗ್ಗಿಸಿತ್ತು. ಸಾಗರಧ್ವನಿಶಾಸ್ತ್ರದಲ್ಲಿ ಇದಕ್ಕೆ ಇವತ್ತಿಗೂ ‘ಮಧ್ಯಾಹ್ನದ ಪರಿಣಾಮ’ ಎಂದೇ ಹೆಸರು.

ಬಗ್ಗುವುದು ಹೇಗೆ? ಜೋಡೆತ್ತಿನ ಗಾಡಿಯನ್ನು ನೆನೆಯಿರಿ. ಬಲಗಡೆಯ ಎತ್ತು ಗಟ್ಟಿ ರಸ್ತೆಯ ಮೇಲೂ ಎಡಗಡೆಯದು ಕೆಸರಿನಲ್ಲೂ ನಡೆಯುತ್ತಿದ್ದರೆ ಗಾಡಿ ತನ್ನಷ್ಟಕ್ಕೆ ಎಡಕ್ಕೆ, ಅಂದರೆ ನಿಧಾನದ ಕಡೆಗೆ, ತಿರುಗುತ್ತದೆ. ಅಲೆಗಳ ನಡೆಯೂ ಹೀಗೆಯೇ. ಅಲೆಯ ಒಂದು ಅಂಚು ವೇಗವಾಗಿಯೂ ಇನ್ನೊಂದು ಅಂಚು ನಿಧಾನವಾಗಿಯೂ ಸಾಗಿದರೆ ಇಡೀ ಅಲೆ ನಿಧಾನದ ಕಡೆಗೆ ವಾಲುತ್ತದೆ. ಬೇಸಿಗೆಯ ಡಾಂಬರು ರಸ್ತೆಯಲ್ಲಿ ದೂರದಲ್ಲಿ ನೀರು ನಿಂತಂತೆ ಕಾಣುವ ಬಿಸಿಲ್ಗುದುರೆಗೂ ಇದೇ ಕಾರಣ. ರಸ್ತೆಗಂಟಿದ ಕಾದ ಗಾಳಿ ತೆಳುವಾದ್ದರಿಂದ ಅಲ್ಲಿ ಬೆಳಕಿಗೆ ವೇಗ ಹೆಚ್ಚು, ಮೇಲಿನ ತಂಪು ಗಾಳಿಯಲ್ಲಿ ಕಡಿಮೆ. ಹಾಗಾಗಿ ಬೆಳಕು ಮೇಲಕ್ಕೆ ಬಾಗಿ, ಆಕಾಶದ ತುಂಡೊಂದನ್ನು ನೆಲದ ಮೇಲೆ ತೋರಿಸುತ್ತದೆ. ಕಡಲಲ್ಲಿ ಬಿಸಿ ಇರುವುದು ಮೇಲೆ, ತಂಪು ಕೆಳಗೆ. ಬೆಚ್ಚನೆಯ ನೀರಿನಲ್ಲಿ ಸದ್ದಿಗೆ ವೇಗ ಹೆಚ್ಚಾದ್ದರಿಂದ ಅದು ಕೆಳಕ್ಕೆ ಬಾಗುತ್ತದೆ. ತಲೆಕೆಳಗಾದ ಬಿಸಿಲ್ಗುದುರೆ ಇದು. ಆದರೆ ರಸ್ತೆಯ ಮೇಲಿನದು ಇಲ್ಲದ ನೀರನ್ನು ತೋರಿಸಿದರೆ, ಕಡಲೊಳಗಿನದು ಇರುವ ಜಲಾಂತರ್ಗಾಮಿಯನ್ನೇ ಮರೆಮಾಡುತ್ತದೆ.

ಲೆಕ್ಕ ಹಾಕಿದರೆ ಇದರ ತೀವ್ರತೆ ಗೊತ್ತಾಗುತ್ತದೆ. ಬೆಚ್ಚಗಿನ ಕಡಲಲ್ಲಿ ಒಂದು ಡಿಗ್ರಿ ಹೆಚ್ಚಿದರೆ ಸದ್ದಿನ ವೇಗ ಸೆಕೆಂಡಿಗೆ ಎರಡೂವರೆ ಮೀಟರಿನಷ್ಟು ಏರುತ್ತದೆ. 1,500ರಲ್ಲಿ ಎರಡೂವರೆ ಏನು ಮಹಾ ಎನಿಸಬಹುದು. ಆದರೆ ಮೇಲಿನ ಹತ್ತು ಮೀಟರಿನಲ್ಲಿ ಎರಡು ಡಿಗ್ರಿ ವ್ಯತ್ಯಾಸವಿದೆ ಎಂದುಕೊಳ್ಳಿ. ಆ ಪದರದ ನಡುವಿನಿಂದ ನೇರ ಅಡ್ಡಲಾಗಿ ಹೊರಟ ಸದ್ದು ಪದರ ದಾಟುವ ಹೊತ್ತಿಗೆ ಸುಮಾರು ಮೂರು ಡಿಗ್ರಿ ಕೋನದಲ್ಲಿ ಕೆಳಮುಖವಾಗಿರುತ್ತದೆ. ಅಲ್ಲಿಂದ ಅದು ನೆಟ್ಟಗೆ ಹೋದರೂ ಎರಡು ಕಿಲೋಮೀಟರ್ ಆಚೆ ನೂರು ಮೀಟರ್ ಆಳಕ್ಕಿಳಿದಿರುತ್ತದೆ. ಅಷ್ಟು ದೂರದಲ್ಲಿ, ಮೇಲ್ಮೈಗೆ ಹತ್ತಿರವಾಗಿ ತೇಲುವ ಜಲಾಂತರ್ಗಾಮಿ ಸದ್ದಿನ ನೆರಳಿನಲ್ಲಿ ನಿಂತಂತಾಯಿತು.

ಈ ತಿಳಿವಳಿಕೆಯನ್ನು ಯುದ್ಧಕಾಲದಲ್ಲಿ ಬಳಕೆಗೆ ತಂದದ್ದು ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಅಥೆಲ್‌ಸ್ಟನ್ ಸ್ಪಿಲ್‌ಹಾಸ್ ಎಂಬ ತರುಣನ ಒಂದು ಪುಟ್ಟ ಉಪಕರಣ. ಲೋಹದ ಕೊಳವೆಯೊಳಗೆ ಉಷ್ಣತೆಗೆ ಸ್ಪಂದಿಸುವ ಸೂಜಿ, ಅದರ ಎದುರಿಗೆ ಮಸಿ ಹಿಡಿಸಿದ ಗಾಜಿನ ಚೂರು. ಹಗ್ಗ ಕಟ್ಟಿ ಕಡಲಿಗಿಳಿಸಿದರೆ ಸೂಜಿ ಆ ಮಸಿಯ ಮೇಲೆ ಆಳ ಮತ್ತು ಉಷ್ಣತೆಯ ಗೆರೆಯನ್ನು ಗೀಚಿಕೊಂಡು ಬರುತ್ತಿತ್ತು. ಅಮೆರಿಕದ ಜಲಾಂತರ್ಗಾಮಿಗಳೂ ಇದರದೇ ಮಾದರಿಯೊಂದನ್ನು ಅಳವಡಿಸಿಕೊಂಡವು. ಬೇಟೆಗಾರನಿಗೆ ನೆರಳು ಎಲ್ಲಿದೆ ಎಂದು ತಿಳಿಸುವ ಗೆರೆ ಬೇಟೆಗೂ ಅದನ್ನೇ ತಿಳಿಸುತ್ತದೆ. ಇಂದಿನ ಹಡಗುಗಳಲ್ಲಿ ಬಳಸುವುದು ಎಸೆದು ಮರೆಯುವ ಶೋಧಕ. ಚಿಕ್ಕ ಕ್ಷಿಪಣಿಯಂತಿರುವ ಆ ಕೈಯಳತೆಯ ಶೋಧಕದ ಮೂತಿಯಲ್ಲಿ ಉಷ್ಣಸಂವೇದಕವಿದೆ, ಬಾಲದಲ್ಲಿ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ. ಅದು ಎಷ್ಟು ವೇಗದಲ್ಲಿ ಮುಳುಗುತ್ತದೆಂಬುದು ಮೊದಲೇ ಗೊತ್ತಿರುವುದರಿಂದ, ಕಳೆದ ಕಾಲದಿಂದ ಆಳವನ್ನು ಲೆಕ್ಕಹಾಕುತ್ತಾರೆ. ತಂತಿ ಪೂರ್ತಿ ಬಿಚ್ಚಿಕೊಂಡು ತುಂಡಾಗುವಷ್ಟರಲ್ಲಿ ಆ ಹೊತ್ತಿನ, ಆ ಜಾಗದ ಕಡಲಿನ ಜಾತಕ ಹಡಗಿನ ಪರದೆಯ ಮೇಲೆ ಮೂಡಿರುತ್ತದೆ.

ಆ ಹೊತ್ತಿನ, ಆ ಜಾಗದ ಎಂದದ್ದು ಸುಮ್ಮನೆ ಅಲ್ಲ. ಒಂದು ಕಡಲಲ್ಲಿ ಕಲಿತ ವಿದ್ಯೆ ಇನ್ನೊಂದರಲ್ಲಿ ಕೈಕೊಡುತ್ತದೆ. ನಮ್ಮ ಎರಡು ಕಡಲುಗಳನ್ನೇ ತೆಗೆದುಕೊಳ್ಳಿ. ಅರಬ್ಬೀ ಸಮುದ್ರದಲ್ಲಿ ಆವಿಯಾಗುವ ನೀರು ಜಾಸ್ತಿ, ಹಾಗಾಗಿ ಉಪ್ಪು ಜಾಸ್ತಿ. ಮುಂಗಾರಿನ ಗಾಳಿ ಅದರ ನಡುಭಾಗವನ್ನು ಆಳದವರೆಗೂ ಕಲಕುತ್ತದೆ. ಅದೇ ತಿಂಗಳುಗಳಲ್ಲಿ ಕೇರಳ ಮತ್ತು ಕರ್ನಾಟಕದ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೇರಿ ಬರುತ್ತದೆ. ಬಂಗಾಳ ಕೊಲ್ಲಿಯ ಕಥೆಯೇ ಬೇರೆ. ಗಂಗಾ, ಬ್ರಹ್ಮಪುತ್ರ, ಐರಾವತಿ ನದಿಗಳು ಸುರಿದ ಸಿಹಿನೀರು ಹಗುರಾಗಿ ಮೇಲೆಯೇ ಉಳಿದು ಮುಚ್ಚಳದಂತೆ ಹರಡಿಕೊಳ್ಳುತ್ತದೆ. ಚಳಿಗಾಲದಲ್ಲಿ ಈ ಮುಚ್ಚಳ ತಣ್ಣಗಾದರೂ ಹಗುರವಾಗಿರುವ ಕಾರಣ ಮುಳುಗುವುದಿಲ್ಲ. ಅಡಿಯ ಉಪ್ಪುನೀರು ಬೆಚ್ಚಗೇ ಉಳಿಯುತ್ತದೆ. ಆಗ ಗಾಡಿ ತಿರುಗುವ ದಿಕ್ಕೇ ಬದಲು. ಸದ್ದು ಮೇಲಕ್ಕೆ ಬಾಗಿ, ಮೇಲ್ಮೈಗೆ ಬಡಿದು ಹಿಂತಿರುಗಿ, ಆ ತೆಳು ಪದರದಲ್ಲೇ ಸಿಕ್ಕಿಕೊಂಡು ಓಡತೊಡಗುತ್ತದೆ. 2020ರ ನವೆಂಬರಿನಲ್ಲಿ ಮಲಬಾರ್ ಎರಡು ಕಂತುಗಳಲ್ಲಿ ನಡೆಯಿತು, ಮೊದಲನೆಯದು ಬಂಗಾಳ ಕೊಲ್ಲಿಯಲ್ಲಿ, ಎರಡನೆಯದು ಅರಬ್ಬೀ ಸಮುದ್ರದಲ್ಲಿ. ಕಾರವಾರದ ಕದಂಬ ನೆಲೆಯ ‘ವಿಕ್ರಮಾದಿತ್ಯ’ ಆ ಎರಡನೇ ಕಂತಿನಲ್ಲಿ ಅಮೆರಿಕದ ‘ನಿಮಿಟ್ಜ್’ ಜೊತೆಗಿತ್ತು. ಎರಡು ವಿಮಾನವಾಹಕ ನೌಕೆಗಳು ಒಟ್ಟಿಗಿರುವ ಚಿತ್ರ ಎಲ್ಲೆಡೆ ಹರಿದಾಡಿತು. ಎರಡು ವಾರಗಳ ಅಂತರದಲ್ಲಿ ಇಷ್ಟು ಭಿನ್ನವಾದ ಎರಡು ನೀರುಗಳಲ್ಲಿ ಅಭ್ಯಾಸ ನಡೆದದ್ದು ನನಗೆ ಅದಕ್ಕಿಂತ ದೊಡ್ಡ ಸುದ್ದಿಯಾಗಿ ಕಾಣುತ್ತದೆ. 2022ರಲ್ಲಿ ಜಪಾನಿನ ಯೊಕೊಸುಕಾ, 2023ರಲ್ಲಿ ಸಿಡ್ನಿ, 2024ರಲ್ಲಿ ವಿಶಾಖಪಟ್ಟಣ ಎಂದು ಅಭ್ಯಾಸದ ಜಾಗ ಸುತ್ತುತ್ತಿರುವುದರ ಲಾಭವೂ ಇಲ್ಲಿಯೇ ಇದೆ.

ಹಾಗಿದ್ದರೆ ಪ್ರತಿ ದೇಶವೂ ತಾನೇ ಬೇರೆ ಬೇರೆ ಕಡಲಿಗೆ ಹೋಗಿ ಅಭ್ಯಾಸ ಮಾಡಿದರಾಯಿತಲ್ಲ, ಜಂಟಿಯಾಗಿಯೇ ಏಕೆ ಎಂದು ಕೇಳಬಹುದು. ಕಿವಿಗೆ ಅಪರಿಚಿತ ಸದ್ದು ಬೇಕು ಎಂಬುದೇ ಉತ್ತರ. ಅಮೆರಿಕದ ಜಲಾಂತರ್ಗಾಮಿಗಳೆಲ್ಲ ಅಣುಚಾಲಿತ. ಬ್ಯಾಟರಿಯ ಮೇಲೆ ಸದ್ದಿಲ್ಲದೆ ತೆವಳುವ ಡೀಸೆಲ್–ವಿದ್ಯುತ್ ಜಲಾಂತರ್ಗಾಮಿ ಅದರ ಬಳಿ ಇಲ್ಲ. ಅದಕ್ಕೇ 2001ರಿಂದ ಪೆರು, ಕೊಲಂಬಿಯಾದಂಥ ದಕ್ಷಿಣ ಅಮೆರಿಕದ ದೇಶಗಳ ಜಲಾಂತರ್ಗಾಮಿಗಳನ್ನು ಕರೆಸಿಕೊಂಡು ತಾಲೀಮು ನಡೆಸುತ್ತಿದೆ. 2005ರಲ್ಲಿ ಸ್ವೀಡನ್ನಿನ ‘ಗಾಟ್‌ಲ್ಯಾಂಡ್’ ಅನ್ನು ಸಿಬ್ಬಂದಿಸಮೇತ ಗುತ್ತಿಗೆಗೆ ಪಡೆದು ಸ್ಯಾನ್ ಡಿಯೇಗೊಗೆ ತಂದಿತು. ಸ್ಟರ್ಲಿಂಗ್ ಎಂಜಿನ್ನಿನ ನೆರವಿನಿಂದ ವಾರಗಟ್ಟಲೆ ಮೇಲೆ ಬಾರದೆ ಇರಬಲ್ಲ ಆ ಪುಟ್ಟ ಜಲಾಂತರ್ಗಾಮಿ, ಅಭ್ಯಾಸದಲ್ಲಿ ‘ರೊನಾಲ್ಡ್ ರೇಗನ್’ ವಿಮಾನವಾಹಕದ ಕಾವಲು ಸುತ್ತನ್ನು ದಾಟಿ ಒಳಗೆ ಬಂತು. ಒಂದು ವರ್ಷದ ಗುತ್ತಿಗೆಯನ್ನು ಅಮೆರಿಕ ಎರಡನೇ ವರ್ಷಕ್ಕೂ ಮುಂದುವರಿಸಿತು. ತನ್ನ ಪಡೆಯೊಳಗೇ ಆಡಿಕೊಂಡಿದ್ದರೆ ಈ ಪಾಠ ಸಿಗುತ್ತಿರಲಿಲ್ಲ.

ಇವೆಲ್ಲ ಮೊದಲೇ ಬರೆದಿಟ್ಟ ನಾಟಕ, ಮಿತ್ರರೂ ತಮ್ಮ ಜಲಾಂತರ್ಗಾಮಿಯ ಅಸಲಿ ದನಿಯನ್ನು ಬಿಟ್ಟುಕೊಡುವುದಿಲ್ಲ ಎಂಬ ಆಕ್ಷೇಪವಿದೆ. ಅದರಲ್ಲಿ ಸತ್ಯಾಂಶವಿದೆ. ಪ್ರತಿ ಜಲಾಂತರ್ಗಾಮಿಗೂ ತನ್ನದೇ ಧ್ವನಿಮುದ್ರೆ ಇರುತ್ತದೆ, ಅದು ದೇಶದ ಅತಿ ಗುಟ್ಟಿನ ಮಾಹಿತಿ. ಆದರೆ ಹಡಗು ಯಾವಾಗ ಎಲ್ಲಿಗೆ ಬರಬೇಕೆಂದು ಬರೆದಿಡಬಹುದು, ನೀರಿನ ಪದರ ಅಂದು ಎಷ್ಟು ಆಳದಲ್ಲಿರಬೇಕೆಂದು ಯಾರೂ ಬರೆದಿಡಲಾರರು. ಗ್ವಾಂಟನಾಮೊದಲ್ಲಿ ನಡೆದದ್ದೂ ಮೊದಲೇ ನಿಗದಿಯಾದ ತಾಲೀಮೇ. ಜಲಾಂತರ್ಗಾಮಿ ಅಲ್ಲೇ ಇದೆ ಎಂದು ಖಚಿತವಾಗಿ ಗೊತ್ತಿದ್ದರಿಂದಲೇ ಅದು ಕೇಳಿಸದಿದ್ದಾಗ ಏನೋ ಎಡವಟ್ಟಿದೆ ಎಂಬುದು ಬೆಳಕಿಗೆ ಬಂತು. ನಿಜವಾದ ಯುದ್ಧದಲ್ಲಿ ಕೇಳಿಸದ ಶತ್ರುವಿನ ಬಗ್ಗೆ ಯಾರಿಗೂ ಏನೂ ತಿಳಿಯುವುದಿಲ್ಲ. ಬರೆದಿಟ್ಟ ಅಭ್ಯಾಸದ ಬೆಲೆ ಇರುವುದೇ ಇಲ್ಲಿ.

ಜಂಟಿ ಅಭ್ಯಾಸಕ್ಕೆ ಭಾಷೆಯ ಕಾರಣವೂ ಇದೆ. ನೀರಿನೊಳಗೆ ಒಂದು ದೇಶದ ಯಂತ್ರ ಇನ್ನೊಂದರ ಯಂತ್ರಕ್ಕೆ ಹೇಳಿದ್ದು ಅರ್ಥವಾಗಬೇಕು. ಇಟಲಿಯ ಲಾ ಸ್ಪೆತ್ಸಿಯಾದಲ್ಲಿ 1959ರಲ್ಲಿ ನೇಟೊ ಒಂದು ಸಂಶೋಧನಾ ಕೇಂದ್ರವನ್ನು ತೆರೆದದ್ದು ಜಲಾಂತರ್ಗಾಮಿ ಪತ್ತೆಯ ವಿಜ್ಞಾನಕ್ಕಾಗಿ. ಅಲ್ಲಿ ರೂಪುಗೊಂಡ ‘ಜಾನಸ್’ ಎಂಬ ಸದ್ದಿನ ಸಂಕೇತ ಪದ್ಧತಿ 2017ರಲ್ಲಿ ನೇಟೊದ ಮಾನದಂಡವಾಯಿತು. ನೀರಿನೊಳಗಿನ ಡಿಜಿಟಲ್ ಸಂವಹನಕ್ಕೆ ಹಲವು ದೇಶಗಳು ಒಪ್ಪಿಕೊಂಡ ಮೊದಲ ಲಿಪಿ ಅದು.

ಉಪಗ್ರಹ, ಕೃತಕ ಬುದ್ಧಿಮತ್ತೆ, ಕ್ವಾಂಟಮ್ ಸಂವೇದಕಗಳು ಬಂದು ಕಡಲು ಗಾಜಿನಂತೆ ಪಾರದರ್ಶಕವಾಗಲಿದೆ, ಇನ್ನು ಈ ಕಿವಿಯ ವಿದ್ಯೆಗೆ ಬೆಲೆಯಿಲ್ಲ ಎಂಬ ಮಾತು ಈಚೆಗೆ ಜೋರಾಗಿದೆ. ನನಗೆ ಇದರಲ್ಲಿ ನಂಬಿಕೆ ಇಲ್ಲ. ಉಪಗ್ರಹಕ್ಕೆ ಸಿಗುವುದು ಮೇಲ್ಮೈಯ ಉಷ್ಣತೆ, ಪದರಗಳು ಇರುವುದು ಅದರ ಅಡಿಯಲ್ಲಿ. ಕಾಂತಕ್ಷೇತ್ರ ಅಳೆಯುವ ಕ್ವಾಂಟಮ್ ಸಂವೇದಕ ಎಷ್ಟೇ ಸೂಕ್ಷ್ಮವಾದರೂ ವಸ್ತುವಿನ ಕಾಂತಪ್ರಭಾವ ದೂರದ ಘನಕ್ಕೆ ಅನುಗುಣವಾಗಿ ಕುಗ್ಗುತ್ತದೆ. ದೂರ ಇಮ್ಮಡಿಯಾದರೆ ಉಳಿಯುವುದು ಎಂಟನೇ ಒಂದು ಪಾಲು. ಕೃತಕ ಬುದ್ಧಿಮತ್ತೆ ಕಿವಿಗೆ ಬಿದ್ದ ಸದ್ದನ್ನು ಚೆನ್ನಾಗಿ ಜಾಲಾಡಬಲ್ಲದು ನಿಜ. ನೆರಳಿನಲ್ಲಿ ಉಳಿದು ಕಿವಿಗೇ ತಲುಪದ ಸದ್ದನ್ನು ಅದು ಎಲ್ಲಿಂದ ತರುತ್ತದೆ?

ಇದಕ್ಕಿಂತ ಗಂಭೀರವಾದ ಆಕ್ಷೇಪ ತಿಮಿಂಗಿಲಗಳದ್ದು, ಅದಕ್ಕೆ ಸಮರ್ಥನೆಯ ಉತ್ತರ ನನ್ನಲ್ಲಿಲ್ಲ. 2000ದ ಮಾರ್ಚಿನಲ್ಲಿ ಬಹಾಮಾ ದ್ವೀಪಗಳಲ್ಲಿ ತಿಮಿಂಗಿಲ ಜಾತಿಯ 17 ಪ್ರಾಣಿಗಳು ದಡಕ್ಕೆ ಬಂದು ಬಿದ್ದಾಗ, ಅದಕ್ಕೆ ತನ್ನ ಹಡಗುಗಳ ಸೋನಾರೇ ಬಹುಮಟ್ಟಿಗೆ ಕಾರಣವೆಂದು ಅಮೆರಿಕದ ನೌಕಾಪಡೆಯೂ ಪಾಲ್ಗೊಂಡ ತನಿಖೆ ಒಪ್ಪಿಕೊಂಡಿತು. 2002ರ ಸೆಪ್ಟೆಂಬರಿನಲ್ಲಿ ಕ್ಯಾನರಿ ದ್ವೀಪಗಳ ಬಳಿ ಹಲವು ದೇಶಗಳ ನೌಕಾಭ್ಯಾಸ ನಡೆದ ಹೊತ್ತಿನಲ್ಲೇ 14 ಕೊಕ್ಕಿನ ತಿಮಿಂಗಿಲಗಳು ದಡ ಸೇರಿದವು. ಶವಗಳನ್ನು ಕೊಯ್ದು ನೋಡಿದ ವಿಜ್ಞಾನಿಗಳಿಗೆ ರಕ್ತನಾಳ ಮತ್ತು ಅಂಗಾಂಶಗಳಲ್ಲಿ ಅನಿಲದ ಗುಳ್ಳೆಗಳು ಕಂಡವು, ಆಳದಿಂದ ಗಡಿಬಿಡಿಯಲ್ಲಿ ಮೇಲೆದ್ದ ಮುಳುಗುಗಾರರಿಗೆ ಆಗುವಂತೆ. 2004ರಲ್ಲಿ ಸ್ಪೇನ್ ಆ ದ್ವೀಪಗಳ ಸುತ್ತ ಸೋನಾರ್ ಬಳಕೆಯನ್ನು ನಿಲ್ಲಿಸಿತು. ನಿಷೇಧದ ನಂತರ ಅಂಥ ಸಾಮೂಹಿಕ ಸಾವು ಅಲ್ಲಿ ಮರುಕಳಿಸಿಲ್ಲವೆಂದು 2013ರಲ್ಲಿ ‘ನೇಚರ್’ನಲ್ಲಿ ಸಂಶೋಧಕರು ಬರೆದರು. ಸದ್ದಿನ ದಾರಿಯನ್ನು ಇಷ್ಟು ನಿಖರವಾಗಿ ಲೆಕ್ಕ ಹಾಕಬಲ್ಲವರಿಗೆ ಆ ಸದ್ದು ಯಾವ ಪದರದಲ್ಲಿ ಸಿಕ್ಕಿಕೊಂಡು, ಯಾವ ಕಮರಿಯ ಕಡೆಗೆ, ಯಾವ ತಿಮಿಂಗಿಲಗಳತ್ತ ಓಡುತ್ತದೆಂದು ಲೆಕ್ಕ ಹಾಕುವುದು ಕಷ್ಟವಲ್ಲ. ಅದನ್ನು ಅಭ್ಯಾಸದ ಜಾಗ ಆರಿಸುವ ಮೊದಲೇ ಮಾಡಬೇಕು.

ಅಭ್ಯಾಸ ಮುಗಿದ ಮೇಲೆ ಉಳಿಯುವ ಅಳತೆಗಳ ಬಗ್ಗೆಯೂ ಕೇಳಬೇಕಾದ್ದಿದೆ. ಬಂಗಾಳ ಕೊಲ್ಲಿಯ ಆ ಸಿಹಿನೀರಿನ ಮುಚ್ಚಳ ಸೋನಾರನ್ನಷ್ಟೇ ಅಲ್ಲ, ನಮ್ಮ ಮಳೆಯನ್ನೂ ಆಳುತ್ತದೆ. ಕಡಲು ಎಷ್ಟು ಶಾಖವನ್ನು ಗಾಳಿಗೆ ಬಿಟ್ಟುಕೊಡುತ್ತದೆ ಎಂಬುದರಲ್ಲಿ ಅದರ ಪಾತ್ರ ದೊಡ್ಡದು. 2013ರ ನಂತರ ಭಾರತದ ‘ಸಾಗರನಿಧಿ’ ಮತ್ತು ಅಮೆರಿಕದ ‘ರೋಜರ್ ರೆವೆಲ್’ ಹಡಗುಗಳು ಈ ಪದರವನ್ನು ಅಳೆಯಲು ಕೊಲ್ಲಿಗಿಳಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅದರಲ್ಲಿದ್ದರು, ಅಮೆರಿಕದ ಪಾಲಿನ ಹಣ ಬಂದದ್ದು ಅಲ್ಲಿನ ನೌಕಾಪಡೆಯ ಸಂಶೋಧನಾ ಕಚೇರಿಯಿಂದ. ನೌಕಾಪಡೆ ತಾನೇ ಅಳೆದಿಟ್ಟ ಅಂಕಿಗಳನ್ನು ಹೊರಗೆ ಬಿಟ್ಟ ಉದಾಹರಣೆಯೂ ಇದೆ. ಅಮೆರಿಕದ ಅಣುಚಾಲಿತ ಜಲಾಂತರ್ಗಾಮಿಗಳು ಆರ್ಕ್ಟಿಕ್ ಹಿಮದಡಿ ಸಾಗುವಾಗ ತಲೆಯ ಮೇಲಿನ ಹಿಮದ ದಪ್ಪವನ್ನು ಸೋನಾರಿನಿಂದ ಅಳೆದುಕೊಂಡೇ ಹೋಗುತ್ತಿದ್ದವು. 1990ರ ದಶಕದಲ್ಲಿ ಆ ದಾಖಲೆಗಳು ವಿಜ್ಞಾನಿಗಳ ಕೈಸೇರಿದವು. 1958ರಿಂದ 1976ರವರೆಗೆ ಸರಾಸರಿ 3.1 ಮೀಟರ್ ಇದ್ದ ನೀರಿನೊಳಗಿನ ಹಿಮ 1990ರ ದಶಕದಲ್ಲಿ 1.8 ಮೀಟರಿಗೆ ಇಳಿದಿದೆ ಎಂದು 1999ರಲ್ಲಿ ಗೊತ್ತಾದದ್ದು ಆ ದಾಖಲೆಗಳಿಂದ. ಮಲಬಾರ್ ನಡೆದ ದಿನಗಳಲ್ಲಿ ನಾಲ್ಕು ದೇಶಗಳ ಹಡಗುಗಳು ನಮ್ಮ ಕಡಲುಗಳಲ್ಲಿ ಬೀಳಿಸಿದ ಶೋಧಕಗಳ ಗೆರೆಗಳನ್ನೂ, ಹತ್ತು ವರ್ಷ ತಡವಾಗಿಯಾದರೂ ಸರಿ, ಮಳೆಯ ಲೆಕ್ಕ ಹಾಕುವವರ ಕೈಗೆ ಕೊಡಬೇಕು.