ಜೀವನದ ಹಂತಗಳೂ ನೆರೆಹೊರೆಯ ಆಸರೆಯೂ: ಕೃಷ್ಣಾ-ಘಟಪ್ರಭಾ ತೀರದ ನಾಲ್ಕು ತಾಲೂಕುಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

1948ರ ಏಪ್ರಿಲ್ 7ರಂದು ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು, ಆರೋಗ್ಯವೆಂದರೆ ಕೇವಲ ರೋಗದ ಅಭಾವವಲ್ಲ, ದೇಹ, ಮನಸ್ಸು ಮತ್ತು ಸಮಾಜಜೀವನ ಈ ಮೂರರ ಪೂರ್ಣ ಸುಸ್ಥಿತಿ ಎಂದು ನಿರೂಪಿಸಿತು. ಇವುಗಳಲ್ಲಿ ಮೊದಲಿನ ಎರಡನ್ನು ಪರೀಕ್ಷಿಸುವ ಉಪಾಯಗಳನ್ನು ವೈದ್ಯಶಾಸ್ತ್ರವು ಬೇಗನೆ ಕಂಡುಕೊಂಡಿತು. ಮೂರನೆಯದು ಮಾತ್ರ ಬಹುಕಾಲ ಒಂದು ಸದಾಶಯವಾಗಿಯೇ ಉಳಿದಿದ್ದಿತು. ಸುಮಾರು ಕಳೆದ ಐವತ್ತು ವರ್ಷಗಳಲ್ಲಿ ಅದೂ ಕ್ರಮಬದ್ಧವಾದ ಸಂಶೋಧನೆಯ ವಿಷಯವಾಗಿದೆ. ಈ ಲೇಖನದಲ್ಲಿ ಆ ಸಂಶೋಧನೆಯ ಸಾರವನ್ನು ಸಂಗ್ರಹಿಸಿ, ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳ ಜನಜೀವನಕ್ಕೆ ಅದನ್ನು ಅನ್ವಯಿಸಿ ನೋಡಲು ಯತ್ನಿಸಲಾಗಿದೆ. ಆಸರೆಯು ಜನರ ಒಳ್ಳೆಯತನದಿಂದ ಮಾತ್ರವೇ ಹುಟ್ಟುವುದಿಲ್ಲ. ಮನೆಗಳ ಸಾಮೀಪ್ಯ, ದುಡಿಮೆಯ ರೀತಿ, ಕೊಡುಕೊಳ್ಳುವಿಕೆಯ ರೂಢಿ ಇವುಗಳ ಮೇಲೆ ಅದು ನಿಂತಿರುತ್ತದೆ. ಇವು ಕದಲಿದರೆ ಅದೂ ಕದಲುತ್ತದೆ ಎಂಬುದೇ ಇಲ್ಲಿಯ ಮುಖ್ಯ ಪ್ರತಿಪಾದನೆ.

ಆಸರೆಯ ಸ್ವರೂಪ

ತನ್ನನ್ನು ಪ್ರೀತಿಸುವವರು ಇದ್ದಾರೆ, ತನಗೆ ಗೌರವವಿದೆ, ತಾನು ಪರಸ್ಪರ ಋಣಗಳಿಂದ ಕೂಡಿದ ಒಂದು ಬಳಗಕ್ಕೆ ಸೇರಿದ್ದೇನೆ ಎಂಬ ಅರಿವೇ ಸಾಮಾಜಿಕ ಆಸರೆಯೆಂದು ಅಮೆರಿಕದ ವೈದ್ಯ ಸಿಡ್ನಿ ಕಾಬ್ 1976ರಲ್ಲಿ ವಿವರಿಸಿದರು. 1981ರಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಹೌಸ್ ಅದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಮನಸ್ಸಿಗೆ ಕೊಡುವ ಸಾಂತ್ವನ, ಕೈಯಿಂದ ಮಾಡುವ ಸಹಾಯ, ತಿಳಿವಳಿಕೆಯ ನೆರವು, ಮತ್ತು ಒಬ್ಬನು ತನ್ನ ನಡೆಯನ್ನು ತಾನೇ ತೂಗಿ ನೋಡಿಕೊಳ್ಳಲು ದೊರೆಯುವ ನೆರವು. ಬಾಣಂತಿಗೆ ನೀರೆರೆಯುವುದು ಎರಡನೆಯ ಬಗೆ. ಕೂಸಿನ ಜ್ವರಕ್ಕೆ ಇನ್ನು ಮನೆಮದ್ದು ಸಾಲದು, ದವಾಖಾನೆಗೆ ನಡೆಯಿರಿ ಎಂದು ನೆರೆಮನೆಯ ಹಿರಿಯಳು ಹೇಳುವುದು ಮೂರನೆಯ ಬಗೆ.

ಕಾಬ್ ಹೇಳಿದ ಪರಸ್ಪರ ಋಣವನ್ನು ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಮದುವೆಯಲ್ಲಿ ಬಂದ ಆಯೇರಿಯನ್ನು ಪುಸ್ತಕದಲ್ಲಿ ಬರೆದಿಟ್ಟು, ಕೊಟ್ಟವರ ಮನೆಯ ಕಾರ್ಯಕ್ಕೆ ಮರಳಿಸುವ ಪದ್ಧತಿಯೂ, ಹೊಲದ ಕೆಲಸಕ್ಕೆ ಕೂಲಿಯಿಲ್ಲದೆ ಹೋಗಿ ಬದಲಿಗೆ ಅಷ್ಟೇ ಕೆಲಸವನ್ನು ಪಡೆಯುವ ಮುಯ್ಯಾಳಿನ ಪದ್ಧತಿಯೂ ಇದಕ್ಕೆ ಸಾಕ್ಷಿ. ಇಂಥ ಲೆಕ್ಕವು ಸ್ನೇಹಕ್ಕೆ ಕುಂದಲ್ಲ. ಇಂದು ಕೊಟ್ಟದ್ದು ನಾಳೆ ಒದಗೀತೆಂಬ ಭರವಸೆಯೇ ಬಡವನ ವಿಮೆ.

ಸಂಶೋಧನೆಯ ಪ್ರಮಾಣಗಳು

ಸಮಾಜದ ಬಂಧಗಳಿಗೂ ಬದುಕು ಸಾವಿಗೂ ಇರುವ ಸಂಬಂಧವನ್ನು ಫ್ರಾನ್ಸಿನ ಎಮಿಲ್ ದುರ್ಖೈಮ್ 1897ರಷ್ಟು ಹಿಂದೆಯೇ ಆತ್ಮಹತ್ಯೆಯನ್ನು ಕುರಿತ ತಮ್ಮ ಗ್ರಂಥದಲ್ಲಿ ಎತ್ತಿ ತೋರಿಸಿದ್ದರು. 1979ರಲ್ಲಿ ಲೀಸಾ ಬರ್ಕ್‌ಮನ್ ಮತ್ತು ಲಿಯೊನಾರ್ಡ್ ಸೈಮ್ ಎಂಬವರು ಕ್ಯಾಲಿಫೋರ್ನಿಯದ ಅಲಮೇಡ ಪ್ರಾಂತದ 6,928 ವಯಸ್ಕರನ್ನು ಒಂಬತ್ತು ವರ್ಷಗಳ ಕಾಲ ಗಮನಿಸಿದ ಅಧ್ಯಯನವನ್ನು ಪ್ರಕಟಿಸಿದರು. ಅತ್ಯಂತ ಹೆಚ್ಚು ಬಂಧಗಳಿದ್ದವರಿಗೆ ಹೋಲಿಸಿದರೆ, ಅತ್ಯಂತ ಕಡಿಮೆ ಬಂಧಗಳಿದ್ದವರ ಮರಣಪ್ರಮಾಣವು ಪುರುಷರಲ್ಲಿ 2.3 ಪಟ್ಟು, ಸ್ತ್ರೀಯರಲ್ಲಿ 2.8 ಪಟ್ಟು ಇದ್ದಿತು. 2010ರಲ್ಲಿ ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಅವರ ಸಹೋದ್ಯೋಗಿಗಳು 148 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಅವುಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನರ ವಿವರಗಳಿದ್ದವು. ಬಲವಾದ ಬಂಧಗಳುಳ್ಳವರು ಬದುಕಿ ಉಳಿಯುವ ಸಂಭವವು ಶೇಕಡಾ 50ರಷ್ಟು ಹೆಚ್ಚೆಂದು ಅವರು ಕಂಡರು.

ರೋಗಿಯಾದವನು ಮನೆಯಲ್ಲಿಯೇ ಉಳಿಯುವುದರಿಂದ ಬಳಗವನ್ನು ಕಳೆದುಕೊಳ್ಳುವನಲ್ಲವೆ, ಹಾಗಾದರೆ ಕಾರಣ ಯಾವುದು, ಕಾರ್ಯ ಯಾವುದು ಎಂದು ವಿದ್ಯಾರ್ಥಿಗಳು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಅಲಮೇಡದ ಅಧ್ಯಯನದಲ್ಲಿ ಆರಂಭದ ಆರೋಗ್ಯಸ್ಥಿತಿಯನ್ನೂ ಧೂಮಪಾನಾದಿ ಅಭ್ಯಾಸಗಳನ್ನೂ ಗಣನೆಗೆ ತೆಗೆದುಕೊಂಡ ಮೇಲೆಯೂ ಈ ಸಂಬಂಧವು ಉಳಿದುಕೊಂಡಿತು. ಇದಲ್ಲದೆ 1997ರಲ್ಲಿ ಶೆಲ್ಡನ್ ಕೋಹೆನ್ ಮತ್ತು ಅವರ ತಂಡದವರು 276 ಮಂದಿ ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ ನೆಗಡಿಯ ವೈರಾಣುಗಳನ್ನು ಹಾಕಿ ಪರೀಕ್ಷಿಸಿದರು. ಹಲವು ಬಗೆಯ ಸಂಬಂಧಗಳುಳ್ಳವರಿಗಿಂತ ಕೆಲವೇ ಬಗೆಯ ಸಂಬಂಧಗಳುಳ್ಳವರು ಹೆಚ್ಚಾಗಿ ನೆಗಡಿಗೆ ಗುರಿಯಾದರು.

ಆಸರೆಯು ದೇಹದ ಮೇಲೆ ಮೂರು ಮಾರ್ಗಗಳಿಂದ ಪರಿಣಾಮ ಮಾಡುತ್ತದೆ. ಮೊದಲನೆಯದು, ಸಕಾಲದಲ್ಲಿ ಔಷಧೋಪಚಾರ ದೊರೆಯುವುದು. ಎರಡನೆಯದು, ಊಟ, ನಿದ್ರೆ, ವ್ಯಸನಗಳ ಮೇಲೆ ಬಳಗದವರ ಕಣ್ಣಿರುವುದು. ಮೂರನೆಯದು ಸೂಕ್ಷ್ಮವಾದುದು: ಭಯ, ಚಿಂತೆಗಳಿಂದ ದೇಹದಲ್ಲಿ ಕಾರ್ಟಿಸಾಲ್ ಮೊದಲಾದ ರಸಗಳು ಏರುತ್ತವೆ, ಬಹುಕಾಲ ಹೀಗೆಯೇ ಇದ್ದರೆ ರಕ್ತದೊತ್ತಡವೂ ರೋಗನಿರೋಧಕ ಶಕ್ತಿಯೂ ಕೆಡುತ್ತವೆ. ಹತ್ತಿರದಲ್ಲಿ ನಂಬಿಕೆಯ ಜನವಿದ್ದರೆ ಈ ಏರಿಕೆ ತಗ್ಗುತ್ತದೆ.

ಹುಟ್ಟಿನಿಂದ ಮುಪ್ಪಿನವರೆಗೆ

ರಾಬರ್ಟ್ ಕಾನ್ ಮತ್ತು ಟೋನಿ ಆಂಟೊನುಚ್ಚಿ ಎಂಬ ಮನಶ್ಶಾಸ್ತ್ರಜ್ಞರು 1980ರಲ್ಲಿ ಮನುಷ್ಯನ ಬಳಗವನ್ನು ಅವನೊಡನೆ ಸಾಗುವ ಬೆಂಗಾವಲಿಗೆ ಹೋಲಿಸಿದರು. ದಾರಿಯುದ್ದಕ್ಕೂ ಬೆಂಗಾವಲಿನವರು ಬದಲಾಗುತ್ತಾರೆ. ಬೇಕಾಗುವ ಆಸರೆಯೂ ಬದಲಾಗುತ್ತದೆ.

ನಮ್ಮ ಪ್ರದೇಶದಲ್ಲಿ ಮೊದಲ ಹೆರಿಗೆಗೆ ಮಗಳು ತವರಿಗೆ ಬರುವುದು ರೂಢಿ. ಕುಬಸದಿಂದ ಹಿಡಿದು ಬಾಣಂತನ ಮುಗಿಯುವವರೆಗಿನ ಆಚರಣೆಗಳೆಲ್ಲ ಆಕೆಯ ಸುತ್ತ ತಾಯಿ, ಅಕ್ಕತಂಗಿಯರು, ಓಣಿಯ ಹೆಂಗಸರನ್ನು ನಿಲ್ಲಿಸುತ್ತವೆ. ಇಂದು ಹೆರಿಗೆಗಳು ಬಹುಪಾಲು ಆಸ್ಪತ್ರೆಗಳಲ್ಲಿ ಆಗುತ್ತಿದ್ದು ಪ್ರಾಣಾಪಾಯವು ತಗ್ಗಿದೆ. ಆದರೆ ಆ ಹೊತ್ತಿನಲ್ಲಿ ಹೆಣ್ಣುಮಗಳು ಒಬ್ಬಳೇ ಆಗಬಾರದು. ಹೆರಿಗೆಯ ಕಾಲದಲ್ಲಿ ನಿರಂತರವಾಗಿ ಒಬ್ಬರು ಬಳಿಯಲ್ಲಿದ್ದರೆ ಸಹಜ ಹೆರಿಗೆಗಳು ಹೆಚ್ಚುವುವೆಂದೂ ಬೇನೆಯ ಅವಧಿ ಕಡಿಮೆಯಾಗುವುದೆಂದೂ 2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ತಿಳಿಸುತ್ತದೆ. ಅದರಲ್ಲಿ 17 ದೇಶಗಳ 15,000ಕ್ಕೂ ಹೆಚ್ಚು ಸ್ತ್ರೀಯರ ಮೇಲೆ ನಡೆದ ಪ್ರಯೋಗಗಳು ಸೇರಿದ್ದವು. ಹೆರಿಗೆಯ ಬಳಿಕದ ಮನೋವ್ಯಾಕುಲವೂ ಅಲ್ಪವಾದುದಲ್ಲ. ನೆರೆಯ ಗೋವೆಯಲ್ಲಿ ವಿಕ್ರಮ್ ಪಟೇಲ್ ಮೊದಲಾದವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 23 ತಾಯಂದಿರು ಇದಕ್ಕೆ ಗುರಿಯಾಗಿದ್ದರು. ಬಡತನ, ಗಂಡನ ಹಿಂಸೆ, ಗಂಡುಮಗುವನ್ನು ಬಯಸಿದಲ್ಲಿ ಹೆಣ್ಣು ಹುಟ್ಟುವುದು ಇವು ಆ ಬೇನೆಗೆ ಹೊಂದಿಕೊಂಡಿದ್ದವು. ಸುತ್ತ ಜನವಿರುವುದು ಬೇರೆ, ಅವರ ಮನಸ್ಸು ಆಕೆಯ ಕಡೆಗಿರುವುದು ಬೇರೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಬಾಲ್ಯದ ವಿಷಯದಲ್ಲಿ ಹವಾಯಿಯ ಕೌಆಯಿ ದ್ವೀಪದ ಅಧ್ಯಯನವು ಪ್ರಸಿದ್ಧ. 1955ರಲ್ಲಿ ಅಲ್ಲಿ ಜನಿಸಿದ 698 ಶಿಶುಗಳ ಬದುಕನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಕಲಹ ಮುಂತಾದ ವಿಪತ್ತುಗಳಲ್ಲಿ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗದವರು ಸಮರ್ಥರಾಗಿ ಬಾಳಿದರು. ಅಂಥವರಿಗೆ ತಂದೆತಾಯಿಗಳಲ್ಲದಿದ್ದರೆ ಅಜ್ಜಿಯೋ ಶಿಕ್ಷಕರೋ, ಯಾರಾದರೂ ಒಬ್ಬ ಹಿರಿಯರ ಸ್ಥಿರವಾದ ಅಕ್ಕರೆ ದೊರೆತಿದ್ದಿತು. ಅಧ್ಯಾಪಕ ವಾಚಕರು ಈ ಸಂಗತಿಯನ್ನು ವಿಶೇಷವಾಗಿ ಲಕ್ಷಿಸಬೇಕು.

ದುಡಿಮೆಯ ವಯಸ್ಸಿನಲ್ಲಿ ಆಸರೆಯು ಕೆಲಸದ ರೀತಿಯನ್ನು ಅನುಸರಿಸುತ್ತದೆ. ರಬಕವಿ-ಬನಹಟ್ಟಿ ನೇಕಾರರ ಊರು. ಕೈಮಗ್ಗವು ಮನೆಯೊಳಗೇ ಇರುವಲ್ಲಿ ನೂಲು ಸುತ್ತುವುದರಿಂದ ಸೀರೆ ಮಡಿಸುವವರೆಗೆ ಮನೆಮಂದಿಗೆಲ್ಲ ಪಾಲುಂಟು. ಒಂದು ಮನೆಯ ಮಗ್ಗ ಸದ್ದು ನಿಲ್ಲಿಸಿದರೆ ಪಕ್ಕದ ಮನೆಗೆ ತಿಳಿಯುತ್ತದೆ. ವಿದ್ಯುತ್ ಮಗ್ಗಗಳು ಸಾಲಾಗಿ ಗದ್ದಲಮಾಡುವಲ್ಲಿ ಒಂದರ ಮೌನವು ಕೇಳಿಸುವುದಿಲ್ಲ. ಆದರೆ ಸಮೀಪದ ನೆರೆಗೂ ಒಂದು ಮಿತಿಯುಂಟು. ಒಂದೇ ಕಸುಬಿನ ಓಣಿಯಲ್ಲಿ ಮಾರುಕಟ್ಟೆ ಕುಸಿದರೆ ಎಲ್ಲರ ಕೈಯೂ ಒಮ್ಮೆಗೇ ಬರಿದಾಗುತ್ತದೆ. 2020ರ ಲಾಕ್‌ಡೌನಿನಲ್ಲಿ ಇದು ಸ್ಪಷ್ಟವಾಯಿತು. ಆಗ ಹೊರಗಿನ ಆಸರೆ, ಎಂದರೆ ಸರ್ಕಾರ ಮತ್ತು ಸಹಕಾರಿ ಸಂಘಗಳ ನೆರವು, ಅನಿವಾರ್ಯ. ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಗಳಿಗಾಗಿ ಕಬ್ಬು ಕಡಿಯಲು ಹೊರ ಊರುಗಳಿಂದ ಬರುವ ತಂಡಗಳಿಗಂತೂ, ಗುಡಿಸಲು ಹಾಕಿದ ಊರಿನಲ್ಲಿ ತಮ್ಮವರೆಂಬವರು ತಂಡದವರೇ.

ಮುಪ್ಪಿನಲ್ಲಿ ಬೆಂಗಾವಲು ಕಿರಿದಾಗುತ್ತದೆ. ಸರಿವಯಸ್ಸಿನವರು ತೀರಿಹೋಗುತ್ತಾರೆ, ಮಕ್ಕಳು ಪುಣೆ, ಬೆಂಗಳೂರುಗಳಿಗೆ ಹೋಗುತ್ತಾರೆ. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನವು ಕೈಗೆ ಹಣ ಕೊಡುತ್ತದೆ. ದೇವಸ್ಥಾನದ ಕಟ್ಟೆಯೂ ಸಂಜೆಯ ಭಜನೆಯೂ ಕೊಡುವುದು ಹಣದಿಂದ ಬಾರದ ಇನ್ನೊಂದನ್ನು: ದಿನವೂ ಬರುತ್ತಿದ್ದವನು ಇಂದೇಕೆ ಬರಲಿಲ್ಲವೆಂಬ ವಿಚಾರಣೆಯನ್ನು.

ಮುಳುಗಡೆ ಮತ್ತು ಚದುರಿದ ಓಣಿ

ಆಸರೆಯು ನೆಲೆಯನ್ನು ಅವಲಂಬಿಸಿದೆ ಎಂಬುದಕ್ಕೆ ಆಲಮಟ್ಟಿ ಜಲಾಶಯದ ಹಿನ್ನೀರಿನ ಪ್ರದೇಶಕ್ಕಿಂತ ಸ್ಫುಟವಾದ ದೃಷ್ಟಾಂತ ಬೇಕಿಲ್ಲ. 1964ರಲ್ಲಿ ಶಂಕುಸ್ಥಾಪನೆಯಾದ ಈ ಯೋಜನೆಯು ಲಕ್ಷಾಂತರ ಎಕರೆ ಒಣಭೂಮಿಗೆ ನೀರು ತಂದಿದೆ. ಅದಕ್ಕಾಗಿ ಬಾಗಲಕೋಟೆಯ ಹಳೆಯ ಪಟ್ಟಣದ ಬಹುಭಾಗವೂ ಬೀಳಗಿ ಮೊದಲಾದ ತಾಲೂಕುಗಳ ಅನೇಕ ಗ್ರಾಮಗಳೂ ಸ್ಥಳ ಬಿಟ್ಟವು. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು 2010ರಲ್ಲಿ ಸಮ್ಮತಿಸಿರುವುದರಿಂದ ಪ್ರಶ್ನೆಯು ಇನ್ನೂ ಮುಗಿದಿಲ್ಲ.

ಸ್ಥಳಾಂತರದ ಎಂಟು ಅಪಾಯಗಳನ್ನು ಸಮಾಜಶಾಸ್ತ್ರಜ್ಞ ಮೈಕೇಲ್ ಚೆರ್ನಿಯಾ 1990ರ ದಶಕದಲ್ಲಿ ಪಟ್ಟಿಮಾಡಿದರು. ಭೂಮಿ, ಉದ್ಯೋಗ, ಮನೆಗಳ ನಷ್ಟದೊಡನೆ ರೋಗ ಮತ್ತು ಮರಣಗಳ ಹೆಚ್ಚಳವೂ ಸಮುದಾಯದ ಬಂಧಗಳ ಬಿಚ್ಚುವಿಕೆಯೂ ಅದರಲ್ಲಿವೆ. ಪರಿಹಾರದ ಕಡತದಲ್ಲಿ ಗೋಡೆ, ಮಾಡು, ಬಾವಿ, ಮರಗಳಿಗೆ ಬೆಲೆ ಕಟ್ಟಬಹುದು. ವಿಧವೆಯ ಜ್ವರಕ್ಕೆ ಗಂಜಿ ಕಾಯಿಸಿ ಕೊಡುತ್ತಿದ್ದ ಪಕ್ಕದ ಮನೆಗೆ ಬೆಲೆ ಕಟ್ಟುವ ಅಂಕಣವಿಲ್ಲ. ತರುಣನು ಹೊಸ ಗೆಳೆಯರನ್ನು ಸಂಪಾದಿಸಿಕೊಂಡಾನು. ನಲವತ್ತು ವರ್ಷ ಕೊಟ್ಟು ಕೊಂಡ ಮುದುಕಿಗೆ ಮತ್ತೆ ನಲವತ್ತು ವರ್ಷಗಳಿಲ್ಲ. 2019ರ ಆಗಸ್ಟಿನ ಮಹಾಪೂರದಲ್ಲಿಯೂ ಜಮಖಂಡಿ, ಮುಧೋಳ ಭಾಗದ ನದಿತೀರದ ಗ್ರಾಮಗಳು ಬಹಳ ಸಂಕಟಪಟ್ಟವು. ಆದರೆ ನೆರೆ ಇಳಿದ ಮೇಲೆ ನೆರೆಯವರು ಕೂಡಿಯೇ ಮರಳಬಹುದು. ಮುಳುಗಡೆಯಲ್ಲಿ ಮರಳುವ ಸ್ಥಳವೇ ಇರುವುದಿಲ್ಲ.

ಆಸರೆಯ ಇನ್ನೊಂದು ಮುಖ

ಹಳೆಯ ಓಣಿಯನ್ನು ಸ್ವರ್ಗವೆಂದು ಚಿತ್ರಿಸುವುದು ಶಾಸ್ತ್ರಕ್ಕೆ ಒಪ್ಪದು. ಓಣಿಗಳು ಜಾತಿಯಿಂದ ವಿಂಗಡಿಸಲ್ಪಟ್ಟಿವೆ. ಒಳಗಿನವರಿಗೆ ಆಸರೆಯಾದ ಗೋಡೆಯೇ ಹೊರಗಿನವರಿಗೆ ಅಡ್ಡಗೋಡೆ. ಆಯೇರಿ ಮರಳಿಸಲಾರದ ಬಡವನು ನಾಚಿ ದೂರ ಸರಿಯುವುದೂ ಉಂಟು. ಉಪಚಾರದ ಹೊರೆ ಬಹುಪಾಲು ಹೆಂಗಸರದೇ ಆಗಿದ್ದು, ಎಲ್ಲರನ್ನೂ ನೋಡಿಕೊಳ್ಳುವ ಸೊಸೆಯನ್ನು ನೋಡಿಕೊಳ್ಳುವವರು ಯಾರೆಂಬುದು ಉತ್ತರ ಬೇಡುವ ಪ್ರಶ್ನೆ. ಆಶಾ ಕಾರ್ಯಕರ್ತೆಯರೂ ಸ್ತ್ರೀಶಕ್ತಿ ಗುಂಪುಗಳೂ ಬಂಧುತ್ವದ ಹೊರಗೆ ನಿಂತ ಹೊಸ ಆಸರೆಗಳಾಗಿ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತಿವೆ.

ಉಪಸಂಹಾರ

ಇಷ್ಟರಿಂದ ಎರಡು ವಿಷಯಗಳು ಸಿದ್ಧವಾಗುತ್ತವೆ. ಒಂದು, ಆಸರೆಯು ಔಷಧದಷ್ಟೇ ನಿಜವಾದ ಆರೋಗ್ಯಸಾಧನ. ಪ್ರತಿಯೊಂದು ವಯಸ್ಸಿಗೂ ಅದರ ಬಗೆ ಬೇರೆ. ಎರಡು, ಅದನ್ನು ಕಟ್ಟಲು ಬಹುಕಾಲ ಬೇಕು. ಕೆಡಿಸಲು ಒಂದು ನಿವೇಶನಪಟ್ಟಿ ಸಾಕು. ಆದುದರಿಂದ ಮುಂದೆ ಸ್ಥಳಾಂತರವಾಗುವ ಗ್ರಾಮಗಳಲ್ಲಿ ಮನೆಗಳನ್ನು ಎಣಿಸುವ ಮೊದಲು ಸಂಬಂಧಗಳನ್ನು ಎಣಿಸಬೇಕು. ನಿವೇಶನಗಳನ್ನು ಚೀಟಿ ಎತ್ತಿ ಹಂಚದೆ, ನೆರೆಮನೆಯವರು ನೆರೆಯವರಾಗಿಯೇ ಉಳಿಯುವಂತೆ, ಅವರವರ ಇಚ್ಛೆಯನ್ನು ಕೇಳಿ ಹಂಚಬೇಕು. ಈ ಎಣಿಕೆಗೆ ಹೆಚ್ಚಿನ ಸಲಕರಣೆಗಳು ಬೇಡ. ಈ ತಾಲೂಕುಗಳ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಮನೆಮನೆಗೆ ಹೋಗಿ ಒಂದೇ ಪ್ರಶ್ನೆಯನ್ನು ಕೇಳಿ ಬರೆದುಕೊಂಡರೂ ಸಾಕು: ನಡುರಾತ್ರಿ ಮನೆಯಲ್ಲಿ ಯಾರಿಗಾದರೂ ಬೇನೆಯಾದರೆ ಮೊದಲು ಯಾರ ಬಾಗಿಲನ್ನು ತಟ್ಟುವಿರಿ? ಉತ್ತರವಿಲ್ಲದ ಮನೆಗಳ ಕಡೆಗೆ ಆರೋಗ್ಯ ಇಲಾಖೆಯ ಗಮನ ಮೊದಲು ಹರಿಯಬೇಕು.