ಪೋರ್ಚುಗಲ್ಲಿನ ಒಂದು ಸ್ಪರ್ಧಾಗೀತವೂ 1974ರ ಕ್ರಾಂತಿಯೂ

ಗೀತಸ್ಪರ್ಧೆಯ ಅಂಕಪಟ್ಟಿಯನ್ನು ಇತಿಹಾಸದ ಆಕರಗಳಲ್ಲಿ ಸೇರಿಸುವ ರೂಢಿ ನಮ್ಮಲ್ಲಿಲ್ಲ. ಆದರೆ ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟವು 1956ರಲ್ಲಿ ಆರಂಭಿಸಿದ ಯೂರೋವಿಷನ್ ಗೀತಸ್ಪರ್ಧೆಯಲ್ಲಿ ಪೋರ್ಚುಗಲ್ ಭಾಗವಹಿಸಿದ ಬಗೆಯನ್ನು ಪರಿಶೀಲಿಸಿದರೆ, ಈ ರೂಢಿಯನ್ನು ತುಸು ಸಡಿಲಿಸಬೇಕೆಂದು ತೋರುತ್ತದೆ.

ಪೋರ್ಚುಗಲ್ ಈ ಸ್ಪರ್ಧೆಯನ್ನು ಮೊದಲು ಪ್ರವೇಶಿಸಿದ್ದು 1964ರಲ್ಲಿ, ಕೋಪನ್‌ಹೇಗನ್ ನಗರದಲ್ಲಿ. ಅಧಿಕಾರವಿನ್ನೂ ಸಲಜಾರನ ಕೈಯಲ್ಲಿತ್ತು. ಗೋವೆಯು ಕೈತಪ್ಪಿ ಮೂರು ವರ್ಷ ತುಂಬಿರಲಿಲ್ಲ. ಆಫ್ರಿಕದ ವಸಾಹತುಗಳಲ್ಲಿ ಯುದ್ಧ ಹೊತ್ತಿಕೊಂಡಿತ್ತು. ಸಲಜಾರನನ್ನೂ ಸ್ಪೇನಿನ ಫ್ರಾಂಕೋವನ್ನೂ ಬಹಿಷ್ಕರಿಸಬೇಕೆಂಬ ಫಲಕವನ್ನು ಹಿಡಿದು ಪ್ರತಿಭಟನಕಾರನೊಬ್ಬನು ವೇದಿಕೆಯನ್ನೇ ಏರಿದನು. ಪೋರ್ಚುಗಲ್ಲಿನ ಗೀತಕ್ಕೆ ಒಂದಂಕವೂ ದೊರೆಯಲಿಲ್ಲ.

1974ರ ಏಪ್ರಿಲ್ 6ರಂದು ಬ್ರೈಟನ್ನಿನಲ್ಲಿ ಪೌಲೊ ದೆ ಕರ್ವಾಲ್ಯೊ ಎಂಬ ಗಾಯಕನು ಹಾಡಿದ್ದು ಒಂದು ವಿರಹಗೀತ. ಅದರ ಹೆಸರಿಗೆ 'ವಿದಾಯದ ಅನಂತರ' ಎಂದರ್ಥ. ಬಂದದ್ದು 3 ಅಂಕ. ಹದಿನೇಳು ದೇಶಗಳ ಪೈಕಿ ಇನ್ನು ಮೂರರೊಡನೆ ಕಡೆಯ ಸ್ಥಾನ. ಇಂಥ ಹಾಡನ್ನು ಜನರು ಬೇಗನೆ ಮರೆಯುವುದು ಸಹಜ.

ಹದಿನೆಂಟು ದಿನ ಕಳೆಯಿತು. ಏಪ್ರಿಲ್ 24ರ ರಾತ್ರಿ 10 ಗಂಟೆ 55 ನಿಮಿಷಕ್ಕೆ ಲಿಸ್ಬನ್ನಿನ ಬಾನುಲಿ ನಿಲಯವೊಂದು ಇದೇ ಹಾಡನ್ನು ಪ್ರಸಾರಮಾಡಿತು. ದಂಗೆಗೆ ಸಿದ್ಧರಾಗಿರೆಂದು ಸೈನ್ಯದ ಯುವ ಅಧಿಕಾರಿಗಳಿಗೆ ಅದೇ ಸಂಜ್ಞೆ! ಈ ಆಯ್ಕೆಯ ಜಾಣ್ಮೆ ಗಮನಾರ್ಹವಾದುದು. ರಹಸ್ಯಸಂಜ್ಞೆಯು ಕಾದಿರುವವನಿಗೆ ಕೇಳಿದೊಡನೆ ತಿಳಿಯಬೇಕು, ಇತರರಲ್ಲಿ ಸಂಶಯವನ್ನು ಹುಟ್ಟಿಸಬಾರದು. ರಾಜಕೀಯ ಗೀತವಾಗಿದ್ದರೆ ಸರ್ಕಾರದ ಕಿವಿ ನೆಟ್ಟಗಾಗುತ್ತಿತ್ತು. ದೇಶದ ಪ್ರತಿನಿಧಿಯಾಗಿ ಹೋಗಿ ಬಂದ ಪ್ರೇಮಗೀತವನ್ನು ಶಂಕಿಸುವವರಾರು? ಕೊನೆಯ ಗಳಿಗೆಯಲ್ಲಿ ಯೋಜನೆಯನ್ನು ಕೈಬಿಟ್ಟಿದ್ದರೂ ಗುಟ್ಟು ಹೊರಬೀಳುತ್ತಿರಲಿಲ್ಲ.

ಮಧ್ಯರಾತ್ರಿ ಕಳೆದು ಇಪ್ಪತ್ತು ನಿಮಿಷಕ್ಕೆ ಬೇರೊಂದು ನಿಲಯದಿಂದ ಜೋಸೆ ಅಫೊನ್ಸೊ ಹಾಡಿದ 'ಗ್ರಾಂಡೊಲ' ಕೇಳಿಬಂತು. ಇನ್ನು ಹಿಂದೆಗೆಯುವಂತಿಲ್ಲವೆಂಬುದು ಅದರ ಅರ್ಥ. ಕ್ರಾಂತಿಯ ಗೀತವೆಂಬ ಕೀರ್ತಿ ಇದಕ್ಕೇ ಸಂದಿತು. ಸಂದದ್ದು ನ್ಯಾಯವೇ, ಆದರೂ ಇತಿಹಾಸದ ವಿದ್ಯಾರ್ಥಿಗೆ ಮೊದಲನೆಯ ಹಾಡೇ ಹೆಚ್ಚಿನದನ್ನು ಕಲಿಸುತ್ತದೆಂದು ನನ್ನ ಭಾವನೆ. ಅದರ ಸಾಹಿತ್ಯವನ್ನು ಎಷ್ಟು ಸಲ ಓದಿದರೂ ಅದರ ಚಾರಿತ್ರಿಕ ಅರ್ಥ ಹೊಳೆಯದು; ಪ್ರಸಾರವಾದ ಗಳಿಗೆಯನ್ನು ತಿಳಿದವನಿಗೆ ಮಾತ್ರ ಹೊಳೆಯುತ್ತದೆ.

25ರ ಸಂಜೆ ಸಲಜಾರನ ಉತ್ತರಾಧಿಕಾರಿ ಕೈತಾನೊ ಶರಣಾದನು. ಸುಮಾರು 48 ವರ್ಷಗಳ ಸರ್ವಾಧಿಕಾರವು ಹೀಗೆ ಮುಗಿಯಿತು. (ಗೋವೆಯ ಮೇಲೆ ಭಾರತದ ಸಾರ್ವಭೌಮತ್ವವನ್ನು ಮನ್ನಿಸುವ ಒಪ್ಪಂದಕ್ಕೆ ಪೋರ್ಚುಗಲ್ ಸಹಿಮಾಡಿದ್ದು ಅದೇ ವರ್ಷದ ಡಿಸೆಂಬರ್ 31ರಂದು.)

ಮರುವರ್ಷ ಸ್ಟಾಕ್‌ಹೋಮ್ ನಗರದ ಸ್ಪರ್ಧೆಗೆ ಪೋರ್ಚುಗಲ್ ಕಳುಹಿಸಿದ್ದು ಕ್ರಾಂತಿಯಲ್ಲಿ ಸ್ವತಃ ಪಾಲ್ಗೊಂಡಿದ್ದ ಸೇನಾಧಿಕಾರಿ ದುವಾರ್ತೆ ಮೆಂಡೆಸನನ್ನು. ಆತನು ಹಾಡಿದ್ದು ಆ ಕ್ರಾಂತಿಯ ಬೆಳಗನ್ನೇ ಕುರಿತು. ದೊರೆತದ್ದು 16 ಅಂಕ, ಹದಿನಾರನೆಯ ಸ್ಥಾನ.