ಒದ್ದೆ ಟ್ರ್ಯಾಕು, ತಣ್ಣನೆ ಟೈರು

ಬೆಂಗಳೂರಿನಲ್ಲಿ ಮಳೆಗಾಲ ಮುಗೀತು, ಇನ್ನು ಧೈರ್ಯವಾಗಿ ಟ್ರ್ಯಾಕ್ ಡೇ ಬುಕ್ ಮಾಡಬಹುದು ಅಂದುಕೊಂಡಿದ್ದೀರಾ? ಸ್ವಲ್ಪ ತಡೀರಿ. ನಮಗೆ ಹತ್ತಿರ ಇರೋ ದೊಡ್ಡ ರೇಸ್ ಟ್ರ್ಯಾಕ್ ಅಂದ್ರೆ ಚೆನ್ನೈ ಪಕ್ಕ ಇರುಂಗಾಟ್ಟುಕೋಟೈನದ್ದು. ಸುಮಾರು 3.7 ಕಿಲೋಮೀಟರ್ ಸುತ್ತು, 12 ತಿರುವು. ಆ ಕಡೆ ಮುಖ್ಯ ಮಳೆಗಾಲವೇ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ನಮ್ಮಲ್ಲಿ ಮುಂಗಾರು ಹಿಂದೆ ಸರಿಯೋ ಹೊತ್ತಿಗೆ ಅಲ್ಲಿ ಹಿಂಗಾರು ಶುರು. ಹಾಗಾಗಿ ತಿಂಗಳುಗಟ್ಟಲೆ ಪಾಕೆಟ್ ಮನಿ ಕೂಡಿಟ್ಟು, ಯಾರದೋ ರೇಸಿಂಗ್ ಸೂಟ್ ಕಡ ಕೇಳಿ, 300 ಕಿಲೋಮೀಟರ್ ಗಾಡಿ ಓಡಿಸಿಕೊಂಡು ಹೋದ ದಿನವೇ ಟ್ರ್ಯಾಕ್ ಒದ್ದೆಯಾಗಿರೋ ಸಾಧ್ಯತೆ ಚೆನ್ನಾಗೇ ಇದೆ. ಇರೋದು ಒಂದೇ ಬೈಕು. ಸಂಜೆ ಅದರಲ್ಲೇ ವಾಪಸ್ ಬರಬೇಕು, ಸೋಮವಾರ ಅದರಲ್ಲೇ ಕಾಲೇಜಿಗೆ ಹೋಗಬೇಕು. ಟ್ರ್ಯಾಕಿಗೆ ಇಳಿಯೋದಾ, ಬೇಡವಾ? ಇಳಿಯೋದಾದರೆ ಗಾಡಿಗೆ ಏನೇನು ಮಾಡಿ ಇಳಿಯಬೇಕು?

ಉತ್ತರದ ಮುಕ್ಕಾಲು ಪಾಲು ಟೈರಿನಲ್ಲಿದೆ. ಅದರಲ್ಲೂ ಜನ ಲೆಕ್ಕಕ್ಕೇ ತಗೊಳ್ಳದ ಒಂದು ಅಂಶದಲ್ಲಿ, ಅಂದ್ರೆ ಟೈರಿನ ತಾಪಮಾನದಲ್ಲಿ. ನೀರು ಜಾರಿಸುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ನೀರು ಟೈರನ್ನ ತಣ್ಣಗೆ ಮಾಡುತ್ತೆ, ತಣ್ಣಗಿರೋ ಟೈರು ಬೇರೆಯದೇ ಟೈರು ಅನ್ನೋದು ಅಷ್ಟಾಗಿ ಹೊಳೆಯಲ್ಲ.

ರಬ್ಬರ್ ಹಿಡಿಯೋದು ಹೇಗೆ

ಫಸ್ಟ್ ಇಯರ್ ಪಾಠದಲ್ಲಿ ಘರ್ಷಣೆ ಅಂದ್ರೆ ಮ್ಯೂ ಇನ್‌ಟು ನಾರ್ಮಲ್ ಫೋರ್ಸ್, ಅಲ್ಲಿಗೆ ಮುಗೀತು. ರಬ್ಬರ್ ಈ ಸೂತ್ರಕ್ಕೆ ಪೂರ್ತಿ ಬಗ್ಗೋ ವಸ್ತು ಅಲ್ಲ. ಅದು ಡಾಂಬರನ್ನ ಎರಡು ದಾರಿಯಲ್ಲಿ ಹಿಡಿಯುತ್ತೆ. ಒಂದು, ಅಂಟುವಿಕೆ: ರಬ್ಬರಿನ ಅಣುಗಳು ಕಲ್ಲಿನ ಮೇಲ್ಮೈಗೆ ತೀರಾ ಹತ್ತಿರ ಬಂದಾಗ ಹುಟ್ಟೋ ಸೆಳೆತ. ಇನ್ನೊಂದು, ಹಿಸ್ಟೆರಿಸಿಸ್: ಡಾಂಬರಿನ ಸಣ್ಣ ಸಣ್ಣ ಉಬ್ಬುಗಳ ಮೇಲೆ ರಬ್ಬರ್ ತಗ್ಗಿ, ತಕ್ಷಣ ಮೊದಲಿನ ಆಕಾರಕ್ಕೆ ಬರದೆ, ಒಂಚೂರು ತಡವಾಗಿ ಬರುತ್ತೆ. ಆ ತಡದಿಂದಾಗಿ ಉಬ್ಬಿನ ಒಂದು ಬದಿಗೆ ಒತ್ತಡ ಜಾಸ್ತಿ, ಇನ್ನೊಂದು ಬದಿಗೆ ಕಡಿಮೆ. ಆ ವ್ಯತ್ಯಾಸವೇ ಹಿಡಿತ.

ಮಧ್ಯೆ ನೀರಿನ ಪೊರೆ ಬಂತು ಅಂದ್ರೆ ಮೊದಲನೇ ದಾರಿ ಹೆಚ್ಚುಕಮ್ಮಿ ಬಂದ್. ಉಳಿಯೋದು ಎರಡನೇದು. ಅದಕ್ಕೇ ಮಳೆ ಟೈರಿನ ರಬ್ಬರ್ ಮೆತ್ತಗಿರಬೇಕು, ಕಡಿಮೆ ತಾಪಮಾನದಲ್ಲೂ ಉಬ್ಬುಗಳ ಒಳಗೆ ಇಳಿಯೋ ಹಾಗಿರಬೇಕು. ಮೆಟೀರಿಯಲ್ಸ್ ಲ್ಯಾಬಿನಲ್ಲಿ ಟ್ಯಾನ್ ಡೆಲ್ಟಾ ಅನ್ನೋ ಹೆಸರು ಕೇಳಿದ್ದರೆ ಇಲ್ಲಿ ಅದು ನಿಜವಾಗಿ ಕೆಲಸಕ್ಕೆ ಬರುತ್ತೆ. ಟೈರ್ ಕಂಪನಿಯವರು 0 ಡಿಗ್ರಿ ಸೆಲ್ಸಿಯಸ್ ಹತ್ತಿರ ರಬ್ಬರಿನ ಟ್ಯಾನ್ ಡೆಲ್ಟಾ ಎಷ್ಟಿದೆ ಅಂತ ನೋಡಿ ಒದ್ದೆ ರಸ್ತೆಯ ಹಿಡಿತವನ್ನ ಅಂದಾಜು ಮಾಡ್ತಾರೆ, 60 ಡಿಗ್ರಿ ಹತ್ತಿರದ ಬೆಲೆ ನೋಡಿ ರೋಲಿಂಗ್ ರೆಸಿಸ್ಟೆನ್ಸ್ ಅಂದಾಜು ಮಾಡ್ತಾರೆ. ಮಳೆಗೆ ಒಳ್ಳೇದು ಅಂತ ಹೆಸರಾದ ಟೈರುಗಳಲ್ಲಿ ಸಿಲಿಕಾ ಜಾಸ್ತಿ ಇರೋದಕ್ಕೂ ಇದೇ ಕಾರಣ.

ಈಗ ತಾಪಮಾನದ ಕಥೆಗೆ ಬನ್ನಿ. ಒಣ ಟ್ರ್ಯಾಕಿನಲ್ಲಿ ಮ್ಯೂ 1, ಒದ್ದೆಯಲ್ಲಿ 0.6 ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಬೈಕ್ ವಾಲಬಹುದಾದ ಕೋನದ ಟ್ಯಾಂಜೆಂಟ್ ಸುಮಾರಾಗಿ ಈ ಮ್ಯೂಗೆ ಸಮ. ಅಂದ್ರೆ 45 ಡಿಗ್ರಿ ವಾಲ್ತಾ ಇದ್ದ ಬೈಕಿಗೆ ಈಗ 31 ಡಿಗ್ರಿಯೇ ಮಿತಿ. ತಿರುವಿನ ವೇಗ ಮ್ಯೂವಿನ ವರ್ಗಮೂಲದ ಲೆಕ್ಕದಲ್ಲಿ ಇಳಿಯುತ್ತೆ: 100 ಕಿಲೋಮೀಟರ್ ವೇಗದಲ್ಲಿ ಹೋಗ್ತಿದ್ದ ತಿರುವಿಗೆ ಈಗ 77. ಬ್ರೇಕೂ ಮೆಲ್ಲಗೆ, ಥ್ರಾಟಲೂ ಮೆಲ್ಲಗೆ. ಇದೆಲ್ಲದರ ಅರ್ಥ, ಟೈರನ್ನ ತಿರುಚಿ ಬಿಸಿ ಮಾಡ್ತಿದ್ದ ಕೆಲಸವೇ ಕಡಿಮೆಯಾಯ್ತು. ಮೇಲಿಂದ ನೀರು ಬೇರೆ ತಣಿಸ್ತಾ ಇದೆ. ಹಿಡಿತ ಕಮ್ಮಿ ಅಂತ ನಿಧಾನ ಹೋಗ್ತೀರಿ, ನಿಧಾನ ಹೋಗೋದರಿಂದ ಟೈರ್ ಬಿಸಿಯಾಗಲ್ಲ, ಬಿಸಿಯಾಗದೆ ಹಿಡಿತ ಇನ್ನೂ ಕಮ್ಮಿ. ಗಾಡಿಯನ್ನ ಮಳೆಗೆ ತಯಾರು ಮಾಡೋದು ಅಂದ್ರೆ ಬಹುಪಾಲು ಈ ಚಕ್ರವನ್ನ ಎಲ್ಲೆಲ್ಲಿ ಮುರಿಯಬಹುದು ಅಂತ ಹುಡುಕೋದು.

ಗಾಳಿ: ಎಲ್ಲರೂ ಉಲ್ಟಾ ಮಾಡೋ ಜಾಗ

ರಸ್ತೆ ಜಾರುತ್ತೆ ಅಂದ ಕೂಡಲೇ ಟೈರಿನ ಗಾಳಿ ಇಳಿಸೋದು ನಮ್ಮ ಕಡೆ ರೂಢಿ. ಕೆಸರಿನಲ್ಲಿ, ಮರಳಲ್ಲಿ ಅದು ಸರಿ. ಒದ್ದೆ ಡಾಂಬರಿಗೆ ಸರಿಯಲ್ಲ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ, ಹೇಗೂ ಗ್ಯಾಸ್ ಲಾ ಓದಿದ್ದೀವಲ್ಲ.

ಬೆಳಿಗ್ಗೆ ಪ್ಯಾಡಕ್‌ನಲ್ಲಿ 25 ಡಿಗ್ರಿ ಇದ್ದಾಗ 25 ಪಿಎಸ್‌ಐ ಹಾಕಿದಿರಿ ಅಂದುಕೊಳ್ಳಿ. ಗೇಜ್ ತೋರಿಸೋದು ವಾತಾವರಣದ ಒತ್ತಡ ಬಿಟ್ಟು, ಹಾಗಾಗಿ ನಿಜವಾದ ಒತ್ತಡ 39.7. ಒಣ ಟ್ರ್ಯಾಕಿನಲ್ಲಿ ಜೋರಾಗಿ ಓಡಿಸಿ ಒಳಗಿನ ಗಾಳಿ 80 ಡಿಗ್ರಿಗೆ ಹೋದರೆ, ಕೆಲ್ವಿನ್ ಅನುಪಾತ 353ಕ್ಕೆ 298. ಒತ್ತಡ 47 ಆಗುತ್ತೆ, ಗೇಜಿನಲ್ಲಿ 32. ಅಂದ್ರೆ ತಣ್ಣಗಿದ್ದಾಗ ಕಡಿಮೆ ಗಾಳಿ ಹಾಕೋದರ ಉದ್ದೇಶವೇ ಬಿಸಿಯಾದಾಗ ಸರಿಯಾದ ಅಳತೆಗೆ ಬರಲಿ ಅಂತ. ಅದೇ ಟೈರು ಮಳೆಯಲ್ಲಿ 40 ಡಿಗ್ರಿಗೇ ನಿಂತರೆ? ಗೇಜಿನಲ್ಲಿ 27. ಬರಬೇಕಾದ್ದಕ್ಕಿಂತ 5 ಪಿಎಸ್‌ಐ ಕಮ್ಮಿ, ಅದೂ ಇಡೀ ಸೆಷನ್. ಮೆತ್ತಗಾದ ಟೈರು ಅಗಲವಾಗಿ ಹರಡಿಕೊಳ್ಳುತ್ತೆ, ಗಾಡಿಗಳ ಬಾಯಿ ಮುಚ್ಚಿಕೊಳ್ಳುತ್ತೆ, ಹ್ಯಾಂಡಲ್ ಭಾರ ಅನ್ನಿಸುತ್ತೆ.

ಇಲ್ಲಿ ಗಾಡಿ ಅಂದ್ರೆ ಟೈರಿನ ಮೇಲಿನ ತೋಡುಗಳು. ಪಂಕ್ಚರ್ ಅಂಗಡಿ ಭಾಷೆಯಲ್ಲಿ ಬಟನ್ ಮಧ್ಯದ ಸಂದು.

ಎರಡನೇ ಕಾರಣ ನೀರಿನ ಮೇಲೆ ತೇಲೋದು. 1960ರ ದಶಕದಲ್ಲಿ ನಾಸಾ ಸಂಶೋಧಕರು ವಿಮಾನದ ಟೈರುಗಳ ಮೇಲೆ ಪರೀಕ್ಷೆ ಮಾಡಿ ಒಂದು ಸರಳ ಸೂತ್ರ ಕೊಟ್ಟರು: ಟೈರು ನೀರಿನ ಮೇಲೆ ಏಳೋ ವೇಗ, ನಾಟ್ ಲೆಕ್ಕದಲ್ಲಿ, ಪಿಎಸ್‌ಐನ ವರ್ಗಮೂಲದ 9 ಪಟ್ಟು. 25 ಪಿಎಸ್‌ಐಗೆ 45 ನಾಟ್, ಅಂದ್ರೆ ಗಂಟೆಗೆ 83 ಕಿಲೋಮೀಟರ್. 36 ಪಿಎಸ್‌ಐಗೆ 54 ನಾಟ್, 100 ಕಿಲೋಮೀಟರ್. ಬೈಕ್ ಟೈರು ದುಂಡಗೆ, ಸಪೂರವಾಗಿ ಇರೋದರಿಂದ ನೀರನ್ನ ಸೀಳಿಕೊಂಡು ಹೋಗುತ್ತೆ, ಇಷ್ಟು ಬೇಗ ಏಳಲ್ಲ. ಹಾಗಾಗಿ ಈ ಅಂಕಿಗಳನ್ನ ನಿಮ್ಮ ಬೈಕಿಗೆ ನೇರ ಹಚ್ಚಬೇಡಿ. ಆದರೆ ಗಾಳಿ ಇಳಿದಷ್ಟೂ ತೇಲೋ ವೇಗ ಇಳಿಯುತ್ತೆ ಅನ್ನೋ ಮಾತು ನಿಲ್ಲುತ್ತೆ.

ರಸ್ತೆ ಟೈರಿನಲ್ಲೇ ಟ್ರ್ಯಾಕಿಗೆ ಇಳಿಯೋರು ಮಳೆ ದಿನ ಕಂಪನಿ ಸ್ವಿಂಗ್ ಆರ್ಮ್ ಮೇಲೆ ಅಂಟಿಸಿರೋ ಅಳತೆಯಿಂದಲೇ ಶುರು ಮಾಡಿ. ಒಣ ಟ್ರ್ಯಾಕಿಗಾಗಿ ಇಳಿಸಿದ್ದರೆ ವಾಪಸ್ ತುಂಬಿಸಿ. ಸೆಷನ್ ಮುಗಿಸಿ ಬಂದ ಕೂಡಲೇ ಅಳೆದು ಬರೆದಿಟ್ಟುಕೊಳ್ಳಿ. ಎಷ್ಟು ಏರಿತು ಅನ್ನೋ ಅಂಕಿ ನಿಮ್ಮ ಟೈರು ಎಷ್ಟು ಬಿಸಿಯಾಯ್ತು ಅಂತ ಹೇಳೋ ಪುಕ್ಕಟೆ ಥರ್ಮಾಮೀಟರ್. ಒಂದು ಪಿಎಸ್‌ಐ ಕೂಡ ಏರಿಲ್ಲ ಅಂದ್ರೆ ನೀವು ತಣ್ಣನೆ ರಬ್ಬರಿನ ಮೇಲೇ ಓಡಿಸಿ ಬಂದಿದ್ದೀರಿ. ಸ್ವಂತ ಗೇಜ್ ಇಟ್ಟುಕೊಳ್ಳಿ. ಒಂದೊಂದು ಬಂಕಿನ ಮೀಟರ್ ಒಂದೊಂದು ಹೇಳುತ್ತೆ, ಅದರಲ್ಲಿ ಈ ಲೆಕ್ಕ ಹತ್ತಲ್ಲ. ರೇಸ್‌ಗೆ ಅಂತಲೇ ಮಾಡಿದ ವೆಟ್ ಟೈರ್ ಹಾಕಿದ್ದರೆ ನನ್ನ ಮಾತು ಬಿಡಿ, ಆ ಟೈರ್ ಕಂಪನಿಯ ಚಾರ್ಟ್ ಹೇಳಿದ್ದೇ ಅಂತಿಮ.

ಯಾವ ಟೈರು

ನುಣ್ಣಗಿರೋ ಸ್ಲಿಕ್ ಟೈರಿನ ಬಗ್ಗೆ ಚರ್ಚೆಯೇ ಬೇಡ. 5 ಸೆಂಟಿಮೀಟರ್ ಅಗಲದ ಟೈರು 2 ಮಿಲಿಮೀಟರ್ ನೀರಿನ ಮೇಲೆ 100 ಕಿಲೋಮೀಟರ್ ವೇಗದಲ್ಲಿ ಹೋದರೆ ಸೆಕೆಂಡಿಗೆ ಸುಮಾರು 2.8 ಲೀಟರ್ ನೀರನ್ನ ಪಕ್ಕಕ್ಕೆ ಸರಿಸಬೇಕು. ಹತ್ತಿರ ಹತ್ತಿರ ಮೂರು ಬಾಟಲಿ, ಒಂದು ಸೆಕೆಂಡಿನಲ್ಲಿ. ಆ ನೀರು ಹೋಗೋಕೆ ಜಾಗ ಬೇಕಲ್ಲ? ಸ್ಲಿಕ್ಕಿನಲ್ಲಿ ಜಾಗವೇ ಇಲ್ಲ. ಸ್ಲಿಕ್ಕಿಗೆ ಎರಡು ಗೀರು ಎಳೆದಂತೆ ಇರೋ ಟ್ರ್ಯಾಕ್ ಟೈರುಗಳ ಕಥೆಯೂ ಅಷ್ಟೇ, ಮೇಲಾಗಿ ಅವು ಬಿಸಿಯಾದರೆ ಮಾತ್ರ ಹಿಡಿಯೋವು.

ನಮ್ಮಂಥವರಿಗೆ ಮಳೆಯಲ್ಲಿ ಕೈ ಹಿಡಿಯೋದು ಸ್ಪೋರ್ಟ್ ಟೂರಿಂಗ್ ವರ್ಗದ ಟೈರು. ಟಿವಿಎಸ್ ಅಪಾಚೆ ಆರ್‌ಆರ್ 310 ಬಿಎಸ್6 ಆದಾಗ ಅದಕ್ಕೆ ಕಂಪನಿಯೇ ಮಿಷೆಲಿನ್ ರೋಡ್ 5 ಹಾಕಿ ಕೊಟ್ಟಿತು, ಅದು ಇದೇ ವರ್ಗದ್ದು. ಒಣ ಟ್ರ್ಯಾಕಿನಲ್ಲಿ ಇಂಥ ಟೈರನ್ನ ನೋಡಿ ಮೂಗು ಮುರಿಯೋರು ಮಳೆ ಶುರುವಾದ ಮೇಲೆ ಸುಮ್ಮನಾಗ್ತಾರೆ. ಬೇಗ ಬೆಚ್ಚಗಾಗುತ್ತೆ, ತೋಡು ಜಾಸ್ತಿ, ರಬ್ಬರಿನಲ್ಲಿ ಸಿಲಿಕಾ ಇದೆ. ಇನ್ನೇನು ಬೇಕು?

ಟೈರು ಯಾವುದೇ ಇರಲಿ, ತೋಡಿನೊಳಗಿನ ಸವೆತದ ಗುರುತು ನೋಡಿ. ಬದಿಯಲ್ಲಿ ಟಿಡಬ್ಲ್ಯುಐ ಅಂತ ಬರೆದಿರೋ ಕಡೆಯಿಂದ ನೇರ ಮೇಲೆ ಹೋದರೆ ತೋಡಿನ ತಳದಲ್ಲಿ ಸಣ್ಣ ದಿಬ್ಬ ಕಾಣುತ್ತೆ. ಬಟನ್ ಆ ದಿಬ್ಬದ ಹತ್ತಿರಕ್ಕೆ ಬಂದಿದ್ದರೆ ಒಣ ರಸ್ತೆಗೆ ಇನ್ನೊಂದು ತಿಂಗಳು ಎಳೆಯಬಹುದೇನೋ, ಒದ್ದೆ ಟ್ರ್ಯಾಕಿಗೆ ಆಗಲ್ಲ. ನಾಲ್ಕು ಅಂಕಿಯ ತಯಾರಿ ಗುರುತೂ ಅಲ್ಲೇ ಇರುತ್ತೆ: 2423 ಅಂದ್ರೆ 2023ನೇ ಇಸವಿಯ 24ನೇ ವಾರ. ಬಟನ್ ಚೆನ್ನಾಗಿದ್ದರೂ ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ಟೈರಿನ ರಬ್ಬರ್ ಗಟ್ಟಿಯಾಗಿರುತ್ತೆ, ಗಟ್ಟಿ ರಬ್ಬರ್ ಉಬ್ಬುಗಳೊಳಗೆ ಇಳಿಯಲ್ಲ. ಇನ್ನು ಹಿಂದಿನ ದಿನ ಹಾಕಿಸಿದ ಹೊಚ್ಚ ಹೊಸ ಟೈರಿನಲ್ಲಿ ನೇರ ಮಳೆಗೆ ಹೋಗೋದೂ ಬೇಡ. ಮೇಲಿನ ಹೊಳಪು ಒಣ ರಸ್ತೆಯಲ್ಲಿ ಉಜ್ಜಿ ಹೋಗಬೇಕು. ವಾಟರ್ ವಾಶ್‌ನವರು ಟೈರಿಗೆ ಪಾಲಿಶ್ ಬಳಿಯೋಕೆ ಬಂದರೆ ಓಡಿಸಿ.

ಟೈರ್ ಬಿಟ್ಟರೆ ಮಿಕ್ಕಿದ್ದು

ಮೋಟೋಜಿಪಿಯಲ್ಲಿ ರೇಸ್ ನಡುವೆ ಮಳೆ ಬಂದು ಬಿಳಿ ಬಾವುಟ ತೋರಿಸಿದರೆ ಸವಾರರು ಪಿಟ್‌ಗೆ ಬಂದು ಟೈರ್ ಬದಲಿಸಿಕೊಳ್ಳಲ್ಲ, ಇಡೀ ಬೈಕನ್ನೇ ಬದಲಿಸ್ತಾರೆ. ಹೀಗೆ ಮೊದಲ ಬಾರಿ ನಡೆದದ್ದು 2006ರಲ್ಲಿ, ಆಸ್ಟ್ರೇಲಿಯಾದ ಫಿಲಿಪ್ ಐಲ್ಯಾಂಡ್‌ನಲ್ಲಿ. ಎರಡನೇ ಬೈಕು ಮಳೆಗೆ ಅಂತಲೇ ತಯಾರಾಗಿ ನಿಂತಿರುತ್ತೆ. ಟೈರಿನ ಜೊತೆ ಸಸ್ಪೆನ್ಷನ್, ಬ್ರೇಕ್, ಎಲೆಕ್ಟ್ರಾನಿಕ್ಸ್ ಎಲ್ಲ ಬೇರೆ. ನಮಗೆ ಎರಡನೇ ಬೈಕಿನ ಯೋಗ ಇಲ್ಲ, ಇರೋದರಲ್ಲೇ ಅದನ್ನ ಮಾಡಬೇಕು.

ಸಸ್ಪೆನ್ಷನ್ ಯಾಕೆ ಬೇರೆ? ಬ್ರೇಕ್ ಹಾಕಿದಾಗ ಮುಂದಿನ ಚಕ್ರಕ್ಕೆ ಬಂದು ಬೀಳೋ ಭಾರ ಅಂದ್ರೆ ದ್ರವ್ಯರಾಶಿ, ವೇಗ ಇಳಿಯೋ ದರ, ಗುರುತ್ವ ಕೇಂದ್ರದ ಎತ್ತರ ಮೂರನ್ನೂ ಗುಣಿಸಿ ವೀಲ್‌ಬೇಸ್‌ನಿಂದ ಭಾಗಿಸಿದ್ದು. ಸವಾರನೂ ಸೇರಿ 250 ಕೆಜಿ, ಎತ್ತರ 0.6 ಮೀಟರ್, ವೀಲ್‌ಬೇಸ್ 1.4 ಮೀಟರ್ ಅಂತ ಹಿಡಿಯಿರಿ. 1 ಜಿ ಬ್ರೇಕಿಂಗ್‌ಗೆ 107 ಕೆಜಿಯಷ್ಟು ಭಾರ ಮುಂದಕ್ಕೆ ಬರುತ್ತೆ. ಮಳೆಯಲ್ಲಿ ಅರ್ಧ ಜಿ ಹಾಕಿದರೆ ಬರೋದು ಬರೀ 54 ಕೆಜಿ. ಒಣ ಟ್ರ್ಯಾಕಿಗೆ ಬಿಗಿ ಮಾಡಿದ ಫೋರ್ಕ್ ಇಷ್ಟು ಭಾರಕ್ಕೆ ಸರಿಯಾಗಿ ತಗ್ಗೋದೇ ಇಲ್ಲ, ಮುಂದಿನ ಟೈರು ಡಾಂಬರಿಗೆ ಒತ್ತಿಕೊಳ್ಳಲ್ಲ, ಏನಾಗ್ತಿದೆ ಅಂತ ಕೈಗೆ ತಿಳಿಯೋದೂ ಇಲ್ಲ. ಅದಕ್ಕೇ ಪ್ರಿಲೋಡ್, ಕಂಪ್ರೆಷನ್, ರೀಬೌಂಡ್ ಎಲ್ಲವನ್ನೂ ಒಂದೆರಡು ಕ್ಲಿಕ್ ಸಡಿಲಿಸಿ. ನಮ್ಮ ಹೆಚ್ಚಿನ ಬೈಕುಗಳಲ್ಲಿ ತಿರುಗಿಸೋಕೆ ಸಿಗೋದು ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರಿಲೋಡ್ ಒಂದೇ. ಪಿಲಿಯನ್ ಕೂರಿಸೋಕೆ ಅಂತ ಅದನ್ನ ಬಿಗಿ ಮಾಡಿ ಮರೆತಿರ್ತೀರಿ, ನೋಡಿ.

ಬ್ರೇಕಿನಲ್ಲಿ ಎಬಿಎಸ್ ಆಫ್ ಮಾಡೋ ಶೋಕಿ ಇವತ್ತು ಬೇಡ. ಕೆಟಿಎಂ ಓಡಿಸೋರು ಸೂಪರ್‌ಮೋಟೋ ಮೋಡ್‌ನಿಂದ ಹೊರಗೆ ಬನ್ನಿ. ಡಿಸ್ಕಿನ ಮೇಲೆ ನೀರಿರೋದರಿಂದ ಲಿವರ್ ಒತ್ತಿದ ಮೊದಲ ಕ್ಷಣ ಏನೂ ಆಗಲ್ಲ, ಆಮೇಲೆ ಒಮ್ಮೆಗೇ ಕಚ್ಚುತ್ತೆ. ಆರ್ಗ್ಯಾನಿಕ್ ಪ್ಯಾಡ್‌ಗಿಂತ ಸಿಂಟರ್ಡ್ ಪ್ಯಾಡ್ ಇದರಲ್ಲಿ ಮೇಲು. ಬ್ರೇಕಿಂಗ್ ಜಾಗಕ್ಕೆ ಮುಂಚೆಯೇ ಲಿವರನ್ನ ಹಗುರವಾಗಿ ಸವರಿ ನೀರು ಒರೆಸಿಕೊಳ್ಳೋದು ಅಭ್ಯಾಸವಾಗಲಿ. ಮುಂದಕ್ಕೆ ಭಾರ ಕಡಿಮೆ ಬರುತ್ತೆ ಅಂದೆನಲ್ಲ, ಅಂದ್ರೆ ಹಿಂದಿನ ಚಕ್ರದಲ್ಲಿ ಭಾರ ಉಳಿದಿರುತ್ತೆ. ಒಣ ಟ್ರ್ಯಾಕಿನಲ್ಲಿ ನೆನಪಿಗೇ ಬಾರದ ಹಿಂದಿನ ಬ್ರೇಕು ಇಲ್ಲಿ ದುಡಿಯುತ್ತೆ.

ರೈನ್ ಮೋಡ್ ಇದ್ದರೆ ಹಾಕಿಕೊಳ್ಳಿ, ನಾಚಿಕೆಪಡೋ ವಿಷಯ ಅಲ್ಲ. ಇಲ್ಲದಿದ್ದರೆ ಒಂದು ಗೇರ್ ಮೇಲಿಟ್ಟು ಓಡಿಸಿ. ಚೈನಿಗೆ ಲ್ಯೂಬ್ ಹಿಂದಿನ ರಾತ್ರಿಯೇ ಹಾಕಿ, ಹೆಚ್ಚಾದದ್ದನ್ನ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಅದು ಹಾರಿ ಕೂರೋದು ಹಿಂದಿನ ಟೈರಿನ ಮೇಲೆ. ಟೈಲ್ ಲೈಟ್ ಉರೀತಿದೆಯಾ ನೋಡಿ. ನೀರಿನ ಧೂಳಿನಲ್ಲಿ ಹಿಂದೆ ಬರೋನಿಗೆ ಕಾಣೋದು ಅದೊಂದೇ. ಹೆಲ್ಮೆಟ್ ಗಾಜಿಗೆ ಒಳಗಿಂದ ಪಿನ್‌ಲಾಕ್ ಹಾಳೆ ಇದ್ದರೆ ಒಳ್ಳೇದು. ಮಳೆ ಗಾಜಿನ ಹೊರಗೆ ಕೂತರೆ ಗಾಳಿ ಹೊಡೆದುಕೊಂಡು ಹೋಗುತ್ತೆ, ನಿಮ್ಮ ಉಸಿರು ಒಳಗೆ ಕೂತರೆ ಯಾರೂ ಒರೆಸೋರಿಲ್ಲ.

ಇಳಿಯೋ ಮುಂಚೆ, ಹೊರಡೋ ಮುಂಚೆ

ಒದ್ದೆ ಟ್ರ್ಯಾಕು ಬೇರೆ, ನೀರು ನಿಂತ ಟ್ರ್ಯಾಕು ಬೇರೆ. ಒದ್ದೆಯಾಗಿ ಬರೀ ಹೊಳೀತಾ ಇದ್ದರೆ, ಟೈರು ಮೇಲೆ ಹೇಳಿದ ಪರೀಕ್ಷೆ ಪಾಸಾಗಿದ್ದರೆ, ಇಳಿಯಿರಿ. ಮೊದಲ ಎರಡು ಮೂರು ಸುತ್ತು ಟೈರ್ ಬೆಚ್ಚಗೆ ಮಾಡೋಕೆ, ಅಷ್ಟೇ. ನೆಟ್ಟಗೆ ಹೋಗುವಾಗ ಬ್ರೇಕ್ ಮತ್ತು ಥ್ರಾಟಲ್‌ನಿಂದ ಬಿಸಿ ಮಾಡಿ, ಹಾವಿನ ಹಾಗೆ ಆಚೀಚೆ ಓಡಿಸಿ ಅಲ್ಲ. ಒಣಗಿದ್ದಾಗ ಎಲ್ಲರೂ ಹೋಗೋ ಗೆರೆಯಲ್ಲಿ ರಬ್ಬರ್, ಎಣ್ಣೆ ಕೂತಿರುತ್ತೆ, ಮಳೆಯಲ್ಲಿ ಅದು ಪಾಚಿ ಇದ್ದ ಹಾಗೆ. ಅದರ ಪಕ್ಕದ ಒರಟು ಡಾಂಬರೇ ವಾಸಿ. ಬಣ್ಣ ಬಳಿದ ಅಂಚುಗಳ ಮೇಲೆ ಚಕ್ರ ಇಡಬೇಡಿ. ಬ್ರೇಕ್ ಹಾಕೋ ಜಾಗದಲ್ಲಿ ಕೆರೆ ಥರ ನೀರು ನಿಂತಿದ್ದರೆ, ಅಥವಾ ಬಟನ್ ಸವೆದಿದ್ದರೆ, ಪಿಟ್ ವಾಲ್ ಪಕ್ಕ ನಿಂತು ಇನ್‌ಸ್ಟ್ರಕ್ಟರ್‌ಗಳು ಯಾವ ಗೆರೆ ಹಿಡೀತಾರೆ ಅಂತ ನೋಡಿ. ಒಂದು ಸೆಷನ್ ಶುಲ್ಕ ಹೋಯ್ತು ಅಂತ ಹೊಟ್ಟೆ ಉರಿಯುತ್ತೆ ನಿಜ. ಒಂದು ಫೇರಿಂಗ್ ಮತ್ತು ಹ್ಯಾಂಡಲ್ ಸೆಟ್ಟಿನ ಬೆಲೆ ವಿಚಾರಿಸಿ ನೋಡಿ, ಉರಿ ಕಮ್ಮಿಯಾಗುತ್ತೆ.

ಸಂಜೆ ಹೊರಡೋ ಮುಂಚೆ ಮೂರು ಕೆಲಸ ಉಳಿದಿರುತ್ತೆ. ಟೈರಿನ ಗಾಳಿಯನ್ನ ತಣ್ಣಗಾದ ಮೇಲೆ ಮತ್ತೆ ಅಳೆದು, ಬ್ಯಾಗ್ ಅಥವಾ ಪಿಲಿಯನ್ ಇದ್ದರೆ ಅದಕ್ಕೆ ತಕ್ಕ ಹಾಗೆ ತುಂಬಿಸಿ. ಸಡಿಲಿಸಿದ ಪ್ರಿಲೋಡ್ ವಾಪಸ್ ಬಿಗಿ ಮಾಡಿ. ಚೈನ್ ಒಣಗಿಸಿ ಲ್ಯೂಬ್ ಹಾಕಿ. ಶ್ರೀಪೆರಂಬದೂರು ದಾಟಿದ ಮೇಲೂ ಮಳೆ ಇದ್ದೇ ಇರುತ್ತೆ, ಅಲ್ಲಿ ಲಾರಿಗಳೂ ಇರ್ತಾವೆ.